ನವೀಕರಣವೂ ನಿಕ್ಷೇಪಧರ್ಮವೂ

ಮಾಡಿದ ವಸ್ತುವನ್ನು ಮಾರಿ, ಬೆಲೆಯನ್ನು ಎಣಿಸಿಕೊಂಡ ಬಳಿಕ, ಮಾಡಿದವನಿಗೂ ಆ ವಸ್ತುವಿಗೂ ಇದ್ದ ಸಂಬಂಧವು ಮುಗಿಯಿತೆಂಬುದು ಲೋಕದಲ್ಲಿ ಬಹುಕಾಲದಿಂದ ನಡೆದುಬಂದ ತಿಳಿವಳಿಕೆ. ಕುಂಬಾರನು ತಾನು ಮಾರಿದ ಗಡಿಗೆಯ ಕಂಠವನ್ನು ರಾತ್ರಿ ಬಂದು ತಿದ್ದುವುದಿಲ್ಲ. ಅಕ್ಕಸಾಲಿಗನು ತಾನು ಕೊಟ್ಟ ಓಲೆಯ ಹರಳನ್ನು ಮನೆಯವರು ನಿದ್ರಿಸುತ್ತಿರುವಾಗ ಬದಲಿಸಿ ಹೋಗುವುದಿಲ್ಲ. ಆದರೆ ಗಣಕಯಂತ್ರವೂ ಮೊಬೈಲ್ ಫೋನೂ ಮನೆಮನೆಯನ್ನು ಹೊಕ್ಕ ಮೇಲೆ ಈ ತಿಳಿವಳಿಕೆಯು ಸಡಿಲವಾಗಿದೆ. ನಿನ್ನೆ ಸಂಜೆ ಒಂದು ರೀತಿಯಲ್ಲಿದ್ದ ಯಂತ್ರವು ಈ ದಿನ ಬೆಳಗ್ಗೆ ಮತ್ತೊಂದು ರೀತಿಯಲ್ಲಿರುತ್ತದೆ. ಇದ್ದ ಗುಂಡಿಯು ಇದ್ದ ಜಾಗದಲ್ಲಿಲ್ಲ. ಇಲ್ಲದ ಸೌಕರ್ಯವೊಂದು ಕಾಣಿಸಿಕೊಂಡಿದೆ. ಒಳಗಿದ್ದ ದೋಷವೊಂದು, ಮನೆಯವರು ಅದನ್ನು ಅರಿಯುವ ಮೊದಲೇ, ನಿವಾರಣೆಯಾಗಿದೆ. ಇದೆಲ್ಲವನ್ನೂ ಮಾಡಿದವನು ಸಾವಿರಾರು ಮೈಲಿ ದೂರದಲ್ಲಿರುವ ತಯಾರಕನು. ಈ ಕ್ರಿಯೆಗೆ ನವೀಕರಣವೆಂದು ಹೆಸರು. ಜನರ ಬಾಯಲ್ಲಿ ಅದು ಅಪ್‌ಡೇಟ್.

ಗಣಕಯಂತ್ರದಲ್ಲಿ ಎರಡು ಭಾಗಗಳುಂಟು. ಕಣ್ಣಿಗೆ ಕಾಣುವ ಲೋಹ, ಗಾಜು, ತಂತಿಗಳು ಅದರ ಸ್ಥೂಲಶರೀರ. ಹೀಗೆ ನಡೆ, ಹೀಗೆ ನಿಲ್ಲು ಎಂದು ಅದಕ್ಕೆ ವಿಧಿಸುವ ತಂತ್ರಾಂಶವು ಸೂಕ್ಷ್ಮಶರೀರ. ನವೀಕರಣವು ಸ್ಥೂಲವನ್ನು ಮುಟ್ಟದೆ ಸೂಕ್ಷ್ಮವನ್ನು ಬದಲಿಸುತ್ತದೆ. ಆದರೆ ಸೂಕ್ಷ್ಮವಿಲ್ಲದ ಸ್ಥೂಲವು ಬರಿಯ ಪೆಟ್ಟಿಗೆ. ಹೀಗಿರಲಾಗಿ, ಪೆಟ್ಟಿಗೆಯ ಒಡೆತನವು ಒಬ್ಬನದು, ಅದರೊಳಗಿನ ವಿಧಿಯ ಮೇಲಣ ಅಧಿಕಾರವು ಮತ್ತೊಬ್ಬನದು ಎಂದಾದರೆ, ಆ ವಸ್ತುವು ನಿಜವಾಗಿ ಯಾರದು? ಅದರಿಂದ ಕೇಡು ಸಂಭವಿಸಿದಾಗ ಹೊಣೆ ಯಾರದು? ಯಂತ್ರವಾರ್ತೆಗಳನ್ನು ಓದಿ ದಿನಕ್ಕೊಂದು ಅಭಿಪ್ರಾಯವನ್ನು ನುಡಿಯುವವರು ಹೊಸದು ಚೆನ್ನೋ ಹಳೆಯದು ಚೆನ್ನೋ ಎಂದು ವಾದಿಸುತ್ತಾರೆ. ಅದು ರುಚಿಯ ಪ್ರಶ್ನೆ. ಇವೆರಡು ಧರ್ಮದ ಪ್ರಶ್ನೆಗಳು.

ಮೊದಲನೆಯ ಪೂರ್ವಪಕ್ಷವು ಹೀಗೆ: ಹಣ ಕೊಟ್ಟು ಕೊಂಡ ವಸ್ತುವು ಕೊಂಡವನದು; ಮಾರಿದವನು ಅದರ ಮೇಲೆ ಮತ್ತೆ ಕೈಯಿಡಕೂಡದು; ಯಾವ ನವೀಕರಣವೂ ಬೇಡ, ಕೊಂಡ ದಿನ ಹೇಗಿತ್ತೋ ಹಾಗೆಯೇ ಇರಲಿ. ಈ ವಾದಕ್ಕೆ ಪ್ರಾಚೀನರ ಬೆಂಬಲವೂ ಉಂಟು. ಮನುಸ್ಮೃತಿಯು ಎಣಿಸುವ ೧೮ ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೆಂಬುದು ಒಂದು. ಅನುಶಯವೆಂದರೆ ಪಶ್ಚಾತ್ತಾಪ. ಕೊಂಡವನಿಗಾಗಲಿ ಮಾರಿದವನಿಗಾಗಲಿ ಮನಸ್ಸು ತಿರುಗಿದಲ್ಲಿ ೧೦ ದಿನಗಳೊಳಗೆ ವಸ್ತುವನ್ನು ಹಿಂದಕ್ಕೆ ಕೊಡಬಹುದು, ಹಿಂದಕ್ಕೆ ಪಡೆಯಬಹುದು. ಆ ಬಳಿಕ ಎರಡೂ ಕೂಡದು. ವಿಕ್ರಯಕ್ಕೆ ಒಂದು ಮುಕ್ತಾಯವಿರಬೇಕು, ಆಮೇಲೆ ಒಡೆಯನು ನಿಶ್ಚಿಂತನಾಗಿರಬೇಕು ಎಂಬುದು ಈ ವಿಧಿಯ ತಾತ್ಪರ್ಯ.

ಆದರೂ ಈ ಪಕ್ಷವು ನಿಲ್ಲಲಾರದು. ಗಡಿಗೆಯು ಒಡೆದರೆ ಒಡೆಯನ ನೀರು ಮಾತ್ರ ಚೆಲ್ಲುತ್ತದೆ. ಜಾಲದಲ್ಲಿ ಸೇರಿದ ಗಣಕಯಂತ್ರವು ಕೆಟ್ಟರೆ ಕೇಡು ನೆರೆಮನೆಗೂ ಹರಡುತ್ತದೆ. ೨೦೧೭ನೆಯ ಇಸವಿಯ ಮಾರ್ಚ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ತಂತ್ರಾಂಶದಲ್ಲಿದ್ದ ಒಂದು ಬಿರುಕನ್ನು ಮುಚ್ಚುವ ನವೀಕರಣವನ್ನು ಹೊರಡಿಸಿತು. ಅನೇಕರು ಅದನ್ನು ಹಾಕಿಕೊಳ್ಳಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಮೇ ೧೨ರಂದು, ವಾನ್ನಾಕ್ರೈ ಎಂಬ ಹಾನಿಕಾರಕ ತಂತ್ರಾಂಶವು ಅದೇ ಬಿರುಕಿನಲ್ಲಿ ನುಗ್ಗಿ, ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬುತ್ತ, ಸುಮಾರು ೧೫೦ ದೇಶಗಳಲ್ಲಿ ೨ ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಹಾಕಿ, ಬಿಡುಗಡೆಗೆ ಹಣವನ್ನು ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಗೊತ್ತುಮಾಡಿದ್ದ ಭೇಟಿಗಳೂ ಚಿಕಿತ್ಸೆಗಳೂ ಸಾವಿರಗಟ್ಟಲೆ ರದ್ದಾದುವು. ತನ್ನ ಮನೆಯ ಅಗಳಿಯನ್ನು ಸರಿಪಡಿಸದವನು ತನ್ನ ಮನೆಯ ಕಳವಿಗೆ ಮಾತ್ರ ಹೊಣೆಯೆನ್ನಬಹುದು. ಬೇಸಗೆಯಲ್ಲಿ ಹುಲ್ಲುಮಾಡಿನ ಕೆಳಗೆ ಕೆಂಡವನ್ನು ಆರಿಸದೆ ಮಲಗಿದವನು ಇಡೀ ಕೇರಿಗೆ ಹೊಣೆ. ಆದಕಾರಣ ನವೀಕರಣವನ್ನು ಒಲ್ಲೆನೆಂಬ ಸ್ವಾತಂತ್ರ್ಯವು ನಿರಂಕುಶವಾದುದಲ್ಲ.

ಎರಡನೆಯ ಪೂರ್ವಪಕ್ಷವು ತಯಾರಕನದು. ತಂತ್ರಾಂಶವನ್ನು ಮಾರಿಯೇ ಇಲ್ಲ, ಬಳಸಲು ಅನುಮತಿಯನ್ನು ಮಾತ್ರ ಕೊಟ್ಟಿದೆ. ಬಳಸುವವನು ಒಪ್ಪಂದಕ್ಕೆ ಸಮ್ಮತಿಸಿದ್ದಾನೆ. ಯಂತ್ರದ ಹಿತವನ್ನು ಮಾಡಿದವನೇ ಬಲ್ಲನು. ಆದ್ದರಿಂದ ಯಾವಾಗ ಏನನ್ನು ಬದಲಿಸಬೇಕೆಂಬುದು ಅವನ ಇಚ್ಛೆ ಎಂದು ಅದರ ಸಾರ. ಆದರೆ ಓದಿ ಮುಗಿಸಲಾಗದಷ್ಟು ಉದ್ದವಾದ ಪತ್ರಕ್ಕೆ, ಒಪ್ಪದಿದ್ದರೆ ಯಂತ್ರವೇ ನಡೆಯದೆಂಬ ಸ್ಥಿತಿಯಲ್ಲಿ, ಬೆರಳನ್ನು ಒತ್ತಿದ ಮಾತ್ರಕ್ಕೆ ಸಮ್ಮತಿಯು ಸಂಪೂರ್ಣವಾಯಿತೆ? ಈ ಪಕ್ಷವನ್ನು ಅದರ ಕೊನೆಯವರೆಗೆ ಕೊಂಡುಹೋದರೆ ಏನಾಗುವುದೆಂಬುದಕ್ಕೆ ಎರಡು ದೃಷ್ಟಾಂತಗಳು ಸಾಕು. ೨೦೦೯ನೆಯ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು, ಪ್ರಕಟಣೆಯ ಹಕ್ಕಿಲ್ಲದವರು ತನ್ನ ಅಂಗಡಿಯ ಮೂಲಕ ಮಾರಿದ ಎರಡು ಪುಸ್ತಕಗಳನ್ನು, ಕೊಂಡವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿ ಹಣವನ್ನು ಹಿಂದಿರುಗಿಸಿತು. ಪುಸ್ತಕಗಳು ಜಾರ್ಜ್ ಆರ್ವೆಲ್ಲನ ‘೧೯೮೪’ ಮತ್ತು ‘ಅನಿಮಲ್ ಫಾರ್ಮ್’. ಬೇಡವಾದ ಬರವಣಿಗೆಯನ್ನು ಪ್ರಭುತ್ವವು ಇಲ್ಲವಾಗಿಸುವ ಲೋಕವನ್ನು ಚಿತ್ರಿಸಿದ ಕಾದಂಬರಿಗೇ ಈ ಗತಿ ಬಂದಿತು. ವಿದ್ಯಾರ್ಥಿಯೊಬ್ಬನು ಆ ಪ್ರತಿಯಲ್ಲಿ ಗುರುತುಮಾಡಿಕೊಂಡಿದ್ದ ಟಿಪ್ಪಣಿಗಳು ಆಧಾರವಿಲ್ಲದೆ ನಿರರ್ಥಕವಾದುವು. ಸಂಸ್ಥೆಯ ಮುಖ್ಯಸ್ಥನು ಮುಂದೆ ಕ್ಷಮೆ ಕೇಳಿದನು. ಎರಡನೆಯದು ಆಪಲ್ ಸಂಸ್ಥೆಯ ವಿಷಯ. ಬ್ಯಾಟರಿ ಹಳತಾದ ಐಫೋನುಗಳು ಹಠಾತ್ತಾಗಿ ಆರಿಹೋಗದಿರಲೆಂದು ಅವುಗಳ ವೇಗವನ್ನು ನವೀಕರಣದ ಮೂಲಕ ತಗ್ಗಿಸಿದುದಾಗಿ ಅದು ೨೦೧೭ನೆಯ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಕಾರಣದಲ್ಲಿ ಯುಕ್ತಿಯಿತ್ತು, ಆದರೆ ಬಳಸುವವರಿಗೆ ಅದನ್ನು ಸ್ಪಷ್ಟವಾಗಿ ತಿಳಿಸಿರಲಿಲ್ಲ. ಫೋನೇ ಮುದಿಯಾಯಿತೆಂದು ಭ್ರಮಿಸಿ ಹೊಸದನ್ನು ಕೊಂಡವನಿಗೆ ಬ್ಯಾಟರಿಯನ್ನು ಬದಲಿಸಿದ್ದರೆ ಸಾಕಾಗುತ್ತಿತ್ತೆಂಬುದು ತಿಳಿಯದೆ ಹೋಯಿತು. ಸಂಸ್ಥೆಯು ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು ೭೯ ಡಾಲರುಗಳಿಂದ ೨೯ಕ್ಕೆ ಇಳಿಸಬೇಕಾಯಿತು.

ಹೀಗೆ ಎರಡು ಪಕ್ಷಗಳೂ ದುರ್ಬಲವಾದ ಮೇಲೆ ಸಿದ್ಧಾಂತವನ್ನು ಬೇರೆಡೆ ಹುಡುಕಬೇಕು. ಕಲ್ಯಾಣದಲ್ಲಿ ೬ನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರದಲ್ಲಿ, ಸ್ವತ್ವವು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕ ಅಲೌಕಿಕ ಪದಾರ್ಥವಲ್ಲ, ಅದು ಲೌಕಿಕವೇ, ಲೋಕವ್ಯವಹಾರದಿಂದ ತಿಳಿಯತಕ್ಕದ್ದು ಎಂದು ವಿಸ್ತಾರವಾಗಿ ಸಾಧಿಸಿದ್ದಾನೆ. ಈ ಮಾತು ಇಲ್ಲಿ ದಾರಿ ತೋರಿಸುತ್ತದೆ. ಒಪ್ಪಂದದ ಪತ್ರದಲ್ಲಿ ಏನೆಂದು ಬರೆದಿದೆಯೆಂಬುದು ಹಾಗಿರಲಿ, ಲೋಕವು ನಡೆಸುತ್ತಿರುವ ವ್ಯವಹಾರವಾದರೂ ಯಾವುದು? ಗೃಹಸ್ಥನು ತನ್ನ ಲೆಕ್ಕ, ಪತ್ರ, ಚಿತ್ರ, ಹಣಕಾಸುಗಳನ್ನು ತುಂಬಿದ ಯಂತ್ರವೊಂದರ ಒಳಬಾಗಿಲ ಬೀಗದ ಕೈಯನ್ನು, ಕೆಡದಂತೆ ನೋಡಿಕೊಳ್ಳಲಿ ಎಂಬ ನಂಬಿಕೆಯಿಂದ, ಪರನೊಬ್ಬನ ವಶದಲ್ಲಿ ಇಟ್ಟಿದ್ದಾನೆ. ಇದು ವಿಕ್ರಯವಲ್ಲ, ಬಾಡಿಗೆಯೂ ಅಲ್ಲ. ಹಿಂದಿನವರ ಮಾತಿನಲ್ಲಿ ಇದಕ್ಕೆ ಅತ್ಯಂತ ಸಮೀಪವಾದುದು ನಿಕ್ಷೇಪ, ಎಂದರೆ ನಂಬಿ ಒಪ್ಪಿಸಿದ ಸೊತ್ತು.

ನಿಕ್ಷೇಪದಲ್ಲಿ ವಸ್ತುವು ಇಟ್ಟುಕೊಂಡವನ ಮನೆಯಲ್ಲಿರುತ್ತದೆ, ಇಲ್ಲಿ ಯಂತ್ರವು ಒಡೆಯನ ಮನೆಯಲ್ಲಿಯೇ ಇದೆಯಲ್ಲ ಎಂದು ಆಕ್ಷೇಪಿಸಬಹುದು. ಒಪ್ಪಿಸಿರುವುದು ಯಂತ್ರವನ್ನಲ್ಲ, ಅದರ ಅಂತರಂಗದ ಮೇಲಣ ಅಧಿಕಾರವನ್ನು ಎಂಬುದೇ ಅದಕ್ಕೆ ಸಮಾಧಾನ. ಅಧಿಕಾರವು ನಿಕ್ಷೇಪವಾದರೆ ನಿಕ್ಷೇಪಧರ್ಮವೆಲ್ಲವೂ ಅದಕ್ಕೆ ಸಲ್ಲುತ್ತದೆ. ಇಟ್ಟುಕೊಂಡವನು ಅದನ್ನು ಇಟ್ಟವನ ಹಿತಕ್ಕಲ್ಲದೆ ತನ್ನ ಲಾಭಕ್ಕೆ ಬಳಸಕೂಡದು. ಹೇಳದೆ ಬದಲಿಸಕೂಡದು. ಕಳ್ಳರು ಒಯ್ದರೆ, ಪ್ರವಾಹವು ಕೊಚ್ಚಿದರೆ, ಬೆಂಕಿಯು ಸುಟ್ಟರೆ ಅವನು ತೆರಬೇಕಾಗಿಲ್ಲವೆಂದು ಸ್ಮೃತಿಯು ಹೇಳುತ್ತದೆ. ದೈವದಿಂದಾದ ನಷ್ಟಕ್ಕೆ ಅವನು ಹೊಣೆಯಲ್ಲ. ಆದರೆ ಪ್ರಮಾದವನ್ನು ದೈವವೆಂದು ಕರೆಯಲು ಅವನಿಗೆ ಅವಕಾಶವಿಲ್ಲ.

ದೈವಕ್ಕೂ ಪ್ರಮಾದಕ್ಕೂ ಇರುವ ಈ ಅಂತರವನ್ನು ೨೦೨೪ನೆಯ ಜುಲೈ ೧೯ರ ಘಟನೆಯು ಲೋಕಕ್ಕೆ ಕಾಣಿಸಿತು. ಯಂತ್ರಗಳನ್ನು ಕಳ್ಳತಂತ್ರಾಂಶಗಳಿಂದ ರಕ್ಷಿಸುವ ಕೆಲಸವನ್ನು ಹೊತ್ತಿರುವ ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಅಂದು, ಭಾರತದ ಗಡಿಯಾರದಲ್ಲಿ ಬೆಳಗ್ಗೆ ೯ ಗಂಟೆ ೩೯ ನಿಮಿಷಕ್ಕೆ, ಒಂದು ಸಣ್ಣ ನವೀಕರಣವನ್ನು ಕಳುಹಿಸಿತು. ಅದರಲ್ಲಿ ೨೧ನೆಯ ಅಂಶವೊಂದನ್ನು ಪರೀಕ್ಷಿಸಬೇಕೆಂಬ ವಿಧಿಯಿತ್ತು. ಯಂತ್ರದೊಳಗಿನ ತಂತ್ರಾಂಶವು ಒದಗಿಸುತ್ತಿದ್ದುದು ೨೦ ಅಂಶಗಳನ್ನು ಮಾತ್ರ. ಇಲ್ಲದ ೨೧ನೆಯದನ್ನು ಓದಲು ಹೋಗಿ ಯಂತ್ರಗಳು ನೀಲಿ ಪರದೆಯನ್ನು ತೋರಿಸಿ ಬಿದ್ದುವು. ೭೮ ನಿಮಿಷಗಳಲ್ಲಿ ಸಂಸ್ಥೆಯು ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಕೆಟ್ಟ ಯಂತ್ರಗಳು ಮೈಕ್ರೋಸಾಫ್ಟಿನ ಅಂದಾಜಿನಂತೆ ೮೫ ಲಕ್ಷ. ಹಾಳುಮಾಡಲು ದೂರದ ಒಂದು ಆಜ್ಞೆ ಸಾಕಾಗಿತ್ತು. ಸರಿಪಡಿಸಲು ಬಹುಮಟ್ಟಿಗೆ ಮನುಷ್ಯನೊಬ್ಬನು ಪ್ರತಿಯೊಂದು ಯಂತ್ರದ ಬಳಿಗೂ ಹೋಗಿ ಆ ಒಂದು ಕಡತವನ್ನು ತೆಗೆದುಹಾಕಬೇಕಾಯಿತು. ಅನೇಕ ದೇಶಗಳಲ್ಲಿ ವಿಮಾನಗಳು ನಿಂತುವು. ಆಸ್ಪತ್ರೆಗಳೂ ಬ್ಯಾಂಕುಗಳೂ ಕಷ್ಟಕ್ಕೊಳಗಾದುವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿಯು ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದು ಕೊಟ್ಟಿತು.

ಇಲ್ಲಿ ಕಳ್ಳನಿಲ್ಲ, ಪ್ರವಾಹವಿಲ್ಲ, ಬೆಂಕಿಯಿಲ್ಲ. ದುರುದ್ದೇಶವೂ ಇಲ್ಲ. ಮೊದಲು ಕೆಲವೇ ಯಂತ್ರಗಳಿಗೆ ಕಳುಹಿಸಿ, ಅವು ನೆಟ್ಟಗೆ ನಿಂತುವೆಂದು ಕಂಡ ಮೇಲೆ ಉಳಿದವಕ್ಕೆ ಕಳುಹಿಸುವ ಎಚ್ಚರವು ಆ ಬಗೆಯ ನವೀಕರಣಕ್ಕೆ ಇರಲಿಲ್ಲ ಎಂಬುದಷ್ಟೇ ಇದೆ. ಅನ್ನ ಬೆಂದಿತೆ ಎಂದು ನೋಡಲು ಒಂದು ಅಗುಳನ್ನು ಹಿಸುಕುವುದು ಅಡಿಗೆಯ ಮನೆಯ ಸಾಮಾನ್ಯ ನ್ಯಾಯ. ಸ್ಥಾಲೀಪುಲಾಕವೆಂದು ಪಂಡಿತರೂ ಅದನ್ನು ಬಲ್ಲರು. ಆ ಸಂಸ್ಥೆಯು ಮುಂದೆ ಹಂತಹಂತವಾಗಿ ಕಳುಹಿಸುವ ಕ್ರಮವನ್ನೂ, ಯಾವಾಗ ಸ್ವೀಕರಿಸಬೇಕೆಂಬ ಅಧಿಕಾರವನ್ನು ಗ್ರಾಹಕರಿಗೆ ಬಿಡುವ ಕ್ರಮವನ್ನೂ ತಂದಿತು. ಪ್ರಮಾದವು ಮನುಷ್ಯಸಹಜ, ಆದರೆ ಅಧಿಕಾರವು ಎಷ್ಟು ದೂರ ವ್ಯಾಪಿಸಿದೆಯೋ ಎಚ್ಚರವೂ ಅಷ್ಟು ದೂರ ವ್ಯಾಪಿಸಬೇಕು.

ನಿಕ್ಷೇಪವನ್ನು ಇಟ್ಟುಕೊಂಡವನು ತನಗೆ ಸಾಕಾದ ದಿನ ಅದನ್ನು ಬೀದಿಯಲ್ಲಿ ಬಿಟ್ಟುಹೋಗಬಹುದೆ ಎಂಬ ಪ್ರಶ್ನೆಯೂ ಉಂಟು. ೨೦೧೫ರಲ್ಲಿ ಹೊರಬಂದ ವಿಂಡೋಸ್ ೧೦ರ ಪಾಲನೆಯನ್ನು ಮೈಕ್ರೋಸಾಫ್ಟ್ ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿಸಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ ಭದ್ರತೆಯ ನವೀಕರಣಗಳನ್ನು ಪಡೆಯುವ ಏರ್ಪಾಡನ್ನು ಮಾಡಿತು. ಮೈಯಲ್ಲಿ ಗಟ್ಟಿಯಾಗಿದ್ದೂ ಮುಂದಿನ ವಿಂಡೋಸ್ ೧೧ಕ್ಕೆ ಬೇಕಾದ ಭದ್ರತಾ ಚಿಪ್ಪು ಇಲ್ಲದ ಯಂತ್ರಗಳು ಇದರಿಂದ ಅನಾಥವಾಗುವ ಸ್ಥಿತಿಗೆ ಬಂದುವು. ಎಂದೆಂದಿಗೂ ಪಾಲಿಸಬೇಕೆನ್ನುವುದು ನ್ಯಾಯವಲ್ಲ. ಆದರೆ ಇಂತಿಷ್ಟು ವರ್ಷ ನೋಡಿಕೊಳ್ಳುವೆನೆಂಬುದನ್ನು ಕೊಳ್ಳುವವನಿಗೆ ಬೆಲೆಯೊಡನೆ ತಿಳಿಸುವುದೂ, ಬಿಡುವಾಗ ದಾರಿ ತೋರಿಸಿ ಬಿಡುವುದೂ ನ್ಯಾಯ.

ಇಂತಹ ಪ್ರಶ್ನೆಗಳನ್ನು ಯಂತ್ರಗಳು ಹುಟ್ಟುವ ಮೊದಲೇ ಎತ್ತಿದ ಕೀರ್ತಿಯು ವಿಜ್ಞಾನಕಥೆಗಳಿಗೂ ಅವುಗಳ ಅಭಿಮಾನಿಗಳಿಗೂ ಸಲ್ಲಬೇಕು. ೧೯೨೬ರ ಏಪ್ರಿಲಿನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವನು ಅಮೆರಿಕದಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯು ಓದುಗರ ಪತ್ರಗಳನ್ನು ಅವರ ವಿಳಾಸದೊಡನೆ ಅಚ್ಚುಮಾಡಿತು. ಓದುಗರು ಒಬ್ಬರಿಗೊಬ್ಬರು ಬರೆದುಕೊಂಡರು, ಸಂಘ ಕಟ್ಟಿದರು, ೧೯೩೯ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲನೆಯ ವಿಶ್ವಸಮ್ಮೇಳನವನ್ನು ನಡೆಸಿದರು. ಹಿರಿಯರು ಇದನ್ನು ಹುಡುಗಾಟವೆಂದು ಕಂಡಿರಬಹುದು. ಆದರೆ ಇಲ್ಲದ ಯಂತ್ರವನ್ನು ಇದೆಯೆಂದು ಭಾವಿಸಿ, ಅದು ಎಲ್ಲಿ ತಪ್ಪೀತು, ತಪ್ಪಿದರೆ ಯಾರು ನೊಂದಾರು ಎಂದು ಚರ್ಚಿಸುವುದು ಕೇವಲ ವಿನೋದವಲ್ಲ. ಅದೂ ಒಂದು ಬಗೆಯ ಅಗುಳಿನ ಪರೀಕ್ಷೆಯೇ.

ಇದಕ್ಕೆ ಇ. ಎಂ. ಫಾರ್‌ಸ್ಟರನು ೧೯೦೯ರಲ್ಲಿ ಪ್ರಕಟಿಸಿದ ‘ದಿ ಮೆಷೀನ್ ಸ್ಟಾಪ್ಸ್’ ಎಂಬ ಕಥೆಗಿಂತ ಉತ್ತಮ ನಿದರ್ಶನವಿಲ್ಲ. ಅದರಲ್ಲಿ ಮನುಷ್ಯರು ನೆಲದೊಳಗೆ ಒಂಟಿ ಕೋಣೆಗಳಲ್ಲಿ ವಾಸಿಸುತ್ತಾರೆ. ಅನ್ನ, ಗಾಳಿ, ಸಂಗೀತ, ಸಂಭಾಷಣೆ ಎಲ್ಲವನ್ನೂ ಮಹಾಯಂತ್ರವೊಂದು ಒದಗಿಸುತ್ತದೆ. ಯಂತ್ರವು ಕೆಟ್ಟರೆ ದುರಸ್ತಿ ಮಾಡುವ ಉಪಯಂತ್ರವೂ ಇದೆ. ಸಂಗೀತದಲ್ಲಿ ಅಪಸ್ವರವು ಕೇಳಿಬಂದಾಗ ಜನರು ಮೊದಲು ದೂರುತ್ತಾರೆ, ಬಳಿಕ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಕೊನೆಗೆ ದುರಸ್ತಿಯ ಯಂತ್ರವೇ ದುರಸ್ತಿಗೆ ಬಂದಿದೆಯೆಂದು ತಿಳಿಯುತ್ತದೆ. ರಕ್ಷಿಸತಕ್ಕ ತಂತ್ರಾಂಶವೇ ಯಂತ್ರಗಳನ್ನು ಕೆಡವಿದ ೨೦೨೪ರ ಘಟನೆಯನ್ನು ಬಲ್ಲವರು ಈ ಕಥೆಯನ್ನು ಓದಿದರೆ ಬೆರಗಾಗುವರು. ಕಥೆಯ ಜನರಿಗೆ ಇನ್ನೊಂದು ಅಭ್ಯಾಸವುಂಟು. ಅವರು ಸದಾ ಅಭಿಪ್ರಾಯಗಳನ್ನು ಹಂಚಿಕೊಳ್ಳುತ್ತಾರೆ. ಆದರೆ ಸ್ವತಃ ಕಂಡುದರ ಮೇಲೆ ಅಲ್ಲ, ಇನ್ನೊಬ್ಬರ ಅಭಿಪ್ರಾಯದ ಮೇಲೆ. ಯಂತ್ರವಾರ್ತೆಗಳ ವಾಚಕರೂ ವಿಜ್ಞಾನಕಥೆಗಳ ಅಭಿಮಾನಿಗಳೂ ಹೆದರಬೇಕಾದುದು ಈ ರೋಗಕ್ಕೆ. ಯಾವ ಫೋನು ಬಂದಿತು, ಯಾರು ಯಾರನ್ನು ಮೀರಿಸಿದರು ಎಂಬ ಕುತೂಹಲವು ತಣಿದ ಮೇಲೆ, ಯಾರಿಗೆ ಏನನ್ನು ಒಪ್ಪಿಸಿದೆವು ಎಂಬ ವಿಚಾರವು ಹುಟ್ಟದೆ ಹೋದರೆ ವಾರ್ತೆಯಿಂದ ಪ್ರಯೋಜನವಿಲ್ಲ.

ತಯಾರಕನ ಧರ್ಮವು ಹೀಗೆ ನಿಶ್ಚಿತವಾದಂತೆ ಗೃಹಸ್ಥನ ಧರ್ಮವೂ ನಿಶ್ಚಿತವೇ. ಬಿರುಕು ಮುಚ್ಚುವ ನವೀಕರಣವನ್ನು ಆಲಸ್ಯದಿಂದ ಮುಂದೂಡದಿರುವುದು. ಅಮೂಲ್ಯವಾದ ಪತ್ರಗಳಿಗೂ ಚಿತ್ರಗಳಿಗೂ ಬೇರೊಂದು ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಕಾಪಾಡುವುದು. ಏನು ಬದಲಾಯಿತೆಂದು ಕೇಳುವುದು. ಉತ್ತರ ಕೊಡದವನಿಗೆ ಮತ್ತೆ ಒಪ್ಪಿಸದಿರುವುದು. ಹಿಂದಿನವರು ನಿಕ್ಷೇಪವನ್ನು ಇಡುವ ಮೊದಲು ಇಟ್ಟುಕೊಳ್ಳುವವನ ಕುಲಶೀಲಗಳನ್ನೂ ಸತ್ಯಸಂಧತೆಯನ್ನೂ ವಿಚಾರಿಸಬೇಕೆಂದು ವಿಧಿಸಿದರು. ಇಂದು ಬೀಗದ ಕೈಯು ಕಣ್ಣಿಗೆ ಕಾಣದಾಗಿದೆ. ವಿಚಾರಿಸಬೇಕೆಂಬ ವಿಧಿಯು ಅದರಿಂದ ಹೆಚ್ಚು ಅಗತ್ಯವಾಗಿದೆಯೇ ಹೊರತು ರದ್ದಾಗಿಲ್ಲ.