ಉಂಡ ಮನೆಯ ಗಳ

'ಉಂಡ ಮನೆಯ ಗಳ ಎಣಿಸಬೇಡ' ಎಂಬುದು ನಮ್ಮ ಹಿರಿಯರ ಮಾತು. ಅನ್ನವಿಕ್ಕಿದವರ ಮನೆಯ ಕುಂದುಕೊರತೆಗಳನ್ನು ಲೆಕ್ಕಹಾಕುತ್ತ ಕೂರುವುದು ಕೃತಘ್ನತೆಯೆಂಬುದು ಅದರ ತಾತ್ಪರ್ಯ. ಮಾತು ಒಪ್ಪತಕ್ಕದ್ದೇ. ಆದರೆ ಆ ಮನೆಯನ್ನು ಕೊಳ್ಳಬೇಕೆಂದು ಬಂದ ಒಬ್ಬನು, ಅಲ್ಲಿ ಉಂಡ ನಮ್ಮನ್ನೇ 'ಗಳಗಳು ಗಟ್ಟಿಯಾಗಿವೆಯೇ?' ಎಂದು ಕೇಳಿದರೆ ನಾವು ಏನೆನ್ನಬೇಕು? ಉಪ್ಪಿನ ಋಣಕ್ಕೆ ಕಟ್ಟುಬಿದ್ದು ಸುಮ್ಮನಿರಬೇಕೆ, ನಂಬಿ ಕೇಳಿದವನಿಗೆ ಕಂಡುದನ್ನು ಹೇಳಬೇಕೆ? ಕೃತಜ್ಞತೆಯೂ ಧರ್ಮ, ಸತ್ಯವೂ ಧರ್ಮ. ಎರಡೂ ಎದುರುಬದುರಾಗಿ ನಿಂತಾಗ ಯಾವುದಕ್ಕೆ ದಾರಿ ಬಿಡಬೇಕೆಂಬುದೇ ನಮ್ಮ ಪ್ರಶ್ನೆ.

ಇದನ್ನು ವಿವೇಚಿಸುವುದಕ್ಕೆ ದೂರದೇಶದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಗಿಟಾರ್ ವಾದನವನ್ನೇ ಜೀವನೋಪಾಯ ಮಾಡಿಕೊಂಡ ಕಲಾವಿದರಿಗೂ ವಾದ್ಯ ತಯಾರಿಸುವ ಕಂಪೆನಿಗಳಿಗೂ ನಡುವೆ ಶಿಫಾರಸಿನ ಕರಾರುಗಳು ಬಹುಕಾಲದಿಂದ ರೂಢಿಯಲ್ಲಿವೆ. ಹೊರಗಿನವರು ಭಾವಿಸುವಂತೆ ಅಲ್ಲಿ ಎಲ್ಲರ ಮೇಲೂ ಹಣದ ಮಳೆ ಸುರಿಯುವುದಿಲ್ಲ. ಬಹುಮಂದಿ ವಾದಕರಿಗೆ ದೊರೆಯುವುದು ಬೆಲೆಯಲ್ಲಿ ರಿಯಾಯಿತಿ ಮಾತ್ರ. ವಾದ್ಯಕ್ಕೆ ಅವರು ಕೈಯಿಂದ ಹಣ ತೆತ್ತೇ ತೀರಬೇಕು. ಅದಕ್ಕಿಂತ ಮೇಲಿನವರಿಗೆ ಸಂಚಾರದ ಕಾಲದಲ್ಲಿ ವಾದ್ಯಗಳನ್ನು, ಧ್ವನಿವರ್ಧಕಗಳನ್ನು ಎರವಲು ಕೊಡುತ್ತಾರೆ. ಇನ್ನೂ ಮೇಲಿನವರಿಗೆ ಉಚಿತವಾಗಿ ಕೊಡುತ್ತಾರೆ. ತುತ್ತತುದಿಯಲ್ಲಿರುವ ಕೆಲವರ ಹೆಸರಿನಲ್ಲಿಯೇ ಒಂದು ಮಾದರಿಯನ್ನು ತಯಾರಿಸಿ, ಮಾರಾಟವಾದ ಪ್ರತಿಯೊಂದು ವಾದ್ಯಕ್ಕೂ ಇಷ್ಟೆಂದು ರಾಯಲ್ಟಿ ಸಲ್ಲಿಸುತ್ತಾರೆ. ಇದಕ್ಕೆ ಪ್ರತಿಯಾಗಿ ವಾದಕನು ತನ್ನ ಹೆಸರನ್ನೂ ಭಾವಚಿತ್ರವನ್ನೂ ಜಾಹೀರಾತಿಗೆ ಕೊಡಬೇಕು. ವೇದಿಕೆಯ ಮೇಲೆ ಆ ವಾದ್ಯವನ್ನೇ ಹಿಡಿಯಬೇಕು. ಎಷ್ಟೋ ವೇಳೆ ಪ್ರತಿಸ್ಪರ್ಧಿಗಳ ವಾದ್ಯವನ್ನು ಹೊಗಳಕೂಡದು. ಗಿಟಾರಿಗೊಂದು, ತಂತಿಗೊಂದು, ಧ್ವನಿವರ್ಧಕಕ್ಕೊಂದು ಎಂದು ಒಬ್ಬನೇ ಹಲವು ಕರಾರುಗಳಿಗೆ ಸಹಿಮಾಡುವುದೂ ಉಂಟು.

ಈ ಏರ್ಪಾಡನ್ನು ಒಮ್ಮೆಗೇ ಹಳಿಯುವುದು ನ್ಯಾಯವಲ್ಲ. ಗ್ರೆಟ್ಷ್ ಕಂಪೆನಿಯು 1954ರ ಸುಮಾರಿಗೆ ಚೆಟ್ ಆಟ್ಕಿನ್ಸ್ ಎಂಬ ಪ್ರಸಿದ್ಧ ವಾದಕರ ಹೆಸರಿನಲ್ಲಿ ಒಂದು ಗಿಟಾರನ್ನು ಹೊರತಂದಿತು. ಕೊಳ್ಳುವವರ ಕಣ್ಣು ಸೆಳೆಯಲೆಂದು ಅದರ ಮೇಲೆ ಕಳ್ಳಿಗಿಡ, ದನದ ತಲೆ ಮುಂತಾದ ಚಿತ್ರಗಳನ್ನು ಕೂರಿಸಿದ್ದರು. ಆ ಅಲಂಕಾರ ಆಟ್ಕಿನ್ಸ್ ಅವರಿಗೆ ಹಿಡಿಸಲಿಲ್ಲ. ಅವರ ಮಾತಿನಂತೆ ಮುಂದಿನ ವರ್ಷಗಳಲ್ಲಿ ಅವು ಒಂದೊಂದಾಗಿ ಮಾಯವಾದುವು. ಹೆಸರು ಕೊಟ್ಟವನಿಗೆ ತಿದ್ದುವ ಅಧಿಕಾರವೂ ಬರುತ್ತದೆ. ಆ ಅಧಿಕಾರವನ್ನು ಆತನು ಚಲಾಯಿಸಿದರೆ ಅದರ ಲಾಭ ಕೊಳ್ಳುವ ಅಪರಿಚಿತನಿಗೂ ಸಲ್ಲುತ್ತದೆ. ಇಲ್ಲಿ ಉಂಡವನೇ ಗಳ ಎಣಿಸಿ, ಹುಳುಕಾದುದನ್ನು ತೆಗೆಸಿದಂತಾಯಿತು.

ಮತ್ತೊಂದು ಪ್ರಸಂಗವನ್ನು ನೋಡೋಣ. ಗಿಬ್ಸನ್ ಕಂಪೆನಿಯು 1952ರಲ್ಲಿ ಲೆಸ್ ಪಾಲ್ ಎಂಬ ವಾದಕರ ಹೆಸರಿನ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಆ ವಾದ್ಯದ ರಚನೆಯಲ್ಲಿ ಯಾರ ಪಾಲು ಎಷ್ಟು ಎಂಬ ವಿಷಯದಲ್ಲಿ ಪಾಲ್ ಅವರೂ, ಆ ಕಾಲದಲ್ಲಿ ಕಂಪೆನಿಯ ಅಧ್ಯಕ್ಷರಾಗಿದ್ದ ಟೆಡ್ ಮೆಕಾರ್ಟಿ ಅವರೂ ಬೇರೆ ಬೇರೆ ಮಾತುಗಳನ್ನಾಡಿದ್ದಾರೆ. ಕೊಳ್ಳುವವನಾದರೋ ಹೆಸರನ್ನು ಮಾತ್ರ ಓದುತ್ತಾನೆ. ಹೆಸರಿನ ಹಿಂದೆ ಯಾರ ಕೈ ದುಡಿದಿದೆಯೆಂದು ಆತನು ಅರಿಯ. 1961ರಲ್ಲಿ ಕಂಪೆನಿಯು ಆ ಮಾದರಿಯ ರೂಪವನ್ನೇ ಬದಲಾಯಿಸಿತು. ಹೊಸ ರೂಪವನ್ನು ಪಾಲ್ ಅವರು ಮೆಚ್ಚಲಿಲ್ಲ. ಆದರೂ ಕೆಲಕಾಲ ಅದು ಅವರ ಹೆಸರಿನಲ್ಲಿಯೇ ಮಾರಾಟವಾಯಿತು. 1963ರ ವೇಳೆಗೆ ಕರಾರು ಮುಗಿದು, ಹೆಸರು ವಾದ್ಯದಿಂದ ಕಳಚಿತು. 1968ರಲ್ಲಿ ಹಳೆಯ ರೂಪವೂ ಹೆಸರೂ ಕೂಡಿ ಮರಳಿ ಬಂದುವು. ಮೆಚ್ಚದಿದ್ದ ವಸ್ತುವಿನ ಮೇಲೆ ಹೆಸರು ನಿಂತಿದ್ದ ಆ ನಡುವಿನ ಕಾಲವೇ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಅಲ್ಲಿ ಯಾರೂ ಸುಳ್ಳು ಆಡಿರಲಿಲ್ಲ. ಆದರೆ ಹೆಸರು ಮಾತ್ರ ಮನಸ್ಸು ಒಪ್ಪದ ಮಾತನ್ನು ತಾನಾಗಿ ಆಡುತ್ತಿತ್ತು.

ಆದುದರಿಂದ ದೋಷವಿರುವುದು ಹಣ ಪಡೆಯುವುದರಲ್ಲಿ ಅಲ್ಲ. ಮೊದಲು ಮೆಚ್ಚಿ, ಬಳಿಕ ಕರಾರು ಮಾಡಿಕೊಂಡವನ ಮಾತಿಗೂ, ಮೊದಲು ಕರಾರು ಮಾಡಿಕೊಂಡು ಬಳಿಕ ಮೆಚ್ಚಲು ಕಲಿತವನ ಮಾತಿಗೂ ಅಂತರವಿದೆ. ದುರ್ದೈವವೆಂದರೆ ಹೊರಗಿನಿಂದ ಕೇಳುವವನಿಗೆ ಎರಡೂ ಒಂದೇ ಸ್ವರದಲ್ಲಿ ಕೇಳಿಸುತ್ತವೆ. ಕೆಲವೊಮ್ಮೆ ಆಡುವವನಿಗೂ ಅವುಗಳ ವ್ಯತ್ಯಾಸ ತಿಳಿಯದೆ ಹೋಗುತ್ತದೆ. ಋಣವು ನಾಲಗೆಯನ್ನು ಕಟ್ಟುವುದಕ್ಕೆ ಮೊದಲೇ ಕಣ್ಣನ್ನು ಕಟ್ಟುತ್ತದೆ.

ಕಾನೂನು ಈ ಸೂಕ್ಷ್ಮವನ್ನು ತಕ್ಕಮಟ್ಟಿಗೆ ಗುರುತಿಸಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಗಳ ಪ್ರಕಾರ, ಒಂದು ವಸ್ತುವನ್ನು ಬಳಸುತ್ತೇನೆಂದು ಜಾಹೀರಾತಿನಲ್ಲಿ ಹೇಳಿಸಿಕೊಂಡವನು ಆ ಮಾತು ಕೊಟ್ಟಾಗ ಅದನ್ನು ನಿಜವಾಗಿ ಬಳಸುತ್ತಿದ್ದವನಾಗಿರಬೇಕು. ಕೇಳುಗನು ಸಹಜವಾಗಿ ಊಹಿಸಲಾಗದ ಕೊಡುಕೊಳೆಯ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿನಲ್ಲಿ ಶಿಫಾರಸು ಮಾಡಿದವನಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ವಸ್ತುವಿನ ನಿಜವನ್ನು ತಕ್ಕ ಎಚ್ಚರದಿಂದ ಪರೀಕ್ಷಿಸಿದ್ದವನನ್ನು ದಂಡದಿಂದ ಬಿಡುತ್ತದೆ. 2022ರ ಮಾರ್ಗಸೂಚಿಗಳು ಸಂಬಂಧವನ್ನು ಬಹಿರಂಗಪಡಿಸುವುದನ್ನೂ ವಿಧಿಸಿವೆ. ಇವುಗಳ ಸಾರವನ್ನು ಗಾದೆಯ ಭಾಷೆಯಲ್ಲಿ ಹೇಳುವುದಾದರೆ: ಗಳ ಎಣಿಸಿ ಸಾಕ್ಷಿ ನುಡಿ, ಉಂಡದ್ದುಂಟೆಂಬುದನ್ನೂ ಜೊತೆಗೆ ಹೇಳು.

ಇಷ್ಟರಿಂದ ಪ್ರಶ್ನೆ ತೀರಿತೆ? ತೀರಲಿಲ್ಲವೆಂದು ನಮ್ಮ ಅನುಭವ ಹೇಳುತ್ತದೆ. ಅಧ್ಯಾಪಕರ ಮೇಜಿಗೂ ಪ್ರಕಾಶಕರಿಂದ ಗೌರವಪ್ರತಿಗಳು ಬರುತ್ತವೆ. ಹೀಗೆ ಬಂದ ಒಂದು ಕೈಪಿಡಿಯ ಮೊದಲ ಕೆಲವು ಪುಟಗಳನ್ನು ಮಾತ್ರ ಓದಿ, ತರಗತಿಯಲ್ಲಿ ನಾವು ಒಮ್ಮೆ ಅದನ್ನು ಹೊಗಳಿದೆವು. ಉಚಿತವಾಗಿ ಬಂದದ್ದೆಂಬುದನ್ನೂ ಮುಚ್ಚಿಡಲಿಲ್ಲ. ಮರುವಾರ ಕೂಲಿಕಾರರ ಮನೆಯ ಹುಡುಗನೊಬ್ಬನು ಅದನ್ನು ಕೊಂಡು ತಂದನು. ಉತ್ತರಾರ್ಧದ ಲೆಕ್ಕಗಳಲ್ಲಿ ಉತ್ತರಗಳು ತಪ್ಪಾಗಿದ್ದುವು. ಹುಡುಗನು ಪುಸ್ತಕವನ್ನು ಶಂಕಿಸಲಿಲ್ಲ; ತನ್ನ ಬುದ್ಧಿಯನ್ನೇ ಶಂಕಿಸಿ, ಬಿಡಿಸಿದ ಸರಿಯಾದ ಲೆಕ್ಕವನ್ನು ಹೊಡೆದುಹಾಕಿದ್ದನು. ಆ ಹಾಳೆಯನ್ನು ನೋಡಿದಾಗ ಆದ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅಂದು ನಾವು ತಿಳಿದುಕೊಂಡುದು ಇದು. ಸಂಬಂಧವನ್ನು ತಿಳಿಸಿಬಿಟ್ಟರೆ ಹೊಣೆ ಇಳಿಯಿತೆಂಬ ಮಾತು, ಕೇಳುಗನಿಗೆ ತೂಗಿನೋಡುವ ಶಕ್ತಿಯಿದ್ದಾಗ ಮಾತ್ರ ಸಲ್ಲುತ್ತದೆ. ನುರಿತ ವಾದಕನು ಜಾಹೀರಾತನ್ನು ಓದಿಯೂ ಅಂಗಡಿಗೆ ಹೋಗಿ ತಂತಿ ಮೀಟಿ ನೋಡಬಲ್ಲನು. ಮೊದಲ ಗಿಟಾರನ್ನು ಕೊಳ್ಳಹೊರಟ ಬಾಲಕನಾಗಲಿ, ಗುರುವಿನ ಮಾತನ್ನೇ ಪ್ರಮಾಣವೆಂದು ನಂಬಿದ ವಿದ್ಯಾರ್ಥಿಯಾಗಲಿ ತೂಗಲಾರರು. ಅವರ ತಕ್ಕಡಿಯೇ ನಮ್ಮ ಕೈಯಲ್ಲಿರುತ್ತದೆ. ಅಂಥವರ ಮುಂದೆ 'ನಾನು ಆ ಮನೆಯಲ್ಲಿ ಉಂಡವನು' ಎಂದರೆ ಸಾಲದು. ಗಳಗಳನ್ನು ಕೊನೆಯದರವರೆಗೂ ಎಣಿಸಿರಬೇಕು. ಎಣಿಸಲು ಮನಸ್ಸಿಲ್ಲದಿದ್ದರೆ ಸಾಕ್ಷಿ ನುಡಿಯುವುದನ್ನು ಬಿಡಬೇಕು.

ಹಿರಿಯರ ಗಾದೆ ಅತಿಥಿಗೆ ಹೇಳಿದ ಮಾತು, ಸಾಕ್ಷಿಗೆ ಹೇಳಿದ ಮಾತಲ್ಲ. ಅತಿಥಿಯಾಗಿ ನಾವು ಕೃತಜ್ಞರಾಗಿರೋಣ. ಆದರೆ ಒಬ್ಬನು ನಮ್ಮ ಮಾತನ್ನು ನಂಬಿ ತನ್ನ ಮನೆಯ ದುಡ್ಡನ್ನು ಬಿಚ್ಚುವ ಗಳಿಗೆಯಲ್ಲಿ ನಾವು ಅತಿಥಿಗಳಾಗಿ ಉಳಿದಿರುವುದಿಲ್ಲ. ಆ ಹುಡುಗನ ಪುಸ್ತಕದಲ್ಲಿದ್ದ ತಪ್ಪುಗಳನ್ನು ನಾವು ಒಂದು ಸಂಜೆ ಕುಳಿತು ತಿದ್ದಿಕೊಟ್ಟೆವು. ಹೊಗಳುವುದಕ್ಕೆ ಮುನ್ನ ಆ ಸಂಜೆಯನ್ನು ಕೊಡಬೇಕಾಗಿತ್ತು.