'ಅವನು' ಎನ್ನುವುದೋ, 'ನಾನು' ಎನ್ನುವುದೋ?

ಒಬ್ಬ ವ್ಯಕ್ತಿಯ ಕಥೆಯನ್ನು ಹೇಳಲು ಎರಡು ದಾರಿಗಳಿವೆ. 'ಅವನು ಹೀಗೆಂದನು, ಹೀಗೆ ಮಾಡಿದನು' ಎಂದು ಬದಿಯಲ್ಲಿ ನಿಂತು ವರ್ಣಿಸುವುದು ಒಂದು. ಆ ವ್ಯಕ್ತಿಯೇ ತಾನಾಗಿ, 'ನಾನು' ಎಂದು ನುಡಿಯುವುದು ಇನ್ನೊಂದು. ಮೇಲ್ನೋಟಕ್ಕೆ ಇದು ಕೇವಲ ವ್ಯಾಕರಣದ ವ್ಯತ್ಯಾಸ. ಆದರೆ ಅದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ದುಷ್ಟನ ಮಾತನ್ನು ನನ್ನ ಬಾಯಿಂದ, ನನ್ನ ಮಾತೆಂಬಂತೆ ಆಡಬಹುದೇ? ಆಡಿದರೆ ನನ್ನ ಆತ್ಮಕ್ಕೆ ಹಾನಿಯೇ, ಹಿತವೇ?

ಪ್ರತಿ ವರ್ಷ ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರದಂದು ಈ ಪ್ರಶ್ನೆ ನಮ್ಮೆಲ್ಲರ ನಾಲಗೆಯ ಮೇಲೆ ಬಂದು ನಿಲ್ಲುತ್ತದೆ. ಅಂದು ಪ್ರಭುವಿನ ಯಾತನೆಯ ವೃತ್ತಾಂತವನ್ನು ಅನೇಕ ದೇವಾಲಯಗಳಲ್ಲಿ ಹಲವರು ಹಂಚಿಕೊಂಡು ಓದುತ್ತಾರೆ. ಕ್ರಿಸ್ತರ ಮಾತುಗಳು ಸಾಧ್ಯವಾದಮಟ್ಟಿಗೆ ಯಾಜಕರಿಗೆ, ನಿರೂಪಣೆ ಒಬ್ಬರಿಗೆ, ಪೇತ್ರ, ಪಿಲಾತ ಮೊದಲಾದವರ ಮಾತು ಮತ್ತೊಬ್ಬರಿಗೆ. ಜನಸಮೂಹದ ಕೂಗು ಮಾತ್ರ ಸಾಮಾನ್ಯವಾಗಿ ಭಕ್ತಸಮೂಹದ ಪಾಲಿಗೆ ಬರುತ್ತದೆ. ಆತನನ್ನು ಶಿಲುಬೆಗೆ ಏರಿಸಬೇಕೆಂದು ನಾವೇ ಕೂಗಬೇಕು. ಪಕ್ಕದಲ್ಲಿ ನಿಂತ ಮಗು ತಬ್ಬಿಬ್ಬಾಗಿ ತಾಯಿಯ ಮುಖವನ್ನು ನೋಡುತ್ತದೆ. ಪ್ರತಿ ರಾತ್ರಿ ಯೇಸುವಿಗೆ ಪ್ರಾರ್ಥಿಸಲು ಕಲಿಸುವ ಅಮ್ಮ ಹೀಗೇಕೆ ಹೇಳಿದಳು? ದೊಡ್ಡವರಲ್ಲಿಯೂ ಕೆಲವರು ಆ ಮಾತನ್ನು ತುಟಿಯೊಳಗೇ ಮುಗಿಸುತ್ತಾರೆ. 'ಜನರು ಹೀಗೆ ಕೂಗಿದರು' ಎಂದು ನಿರೂಪಕರೇ ಓದಿದ್ದರೆ ಸಾಲದಾಗಿತ್ತೇ ಎಂದು ಅನ್ನಿಸುವುದೂ ಸಹಜ.

ನಮ್ಮ ನೆಲದ ಎರಡು ಪದ್ಧತಿಗಳು

ಈ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡ ನಾಡಿನ ಪರಂಪರೆಯೇ ನಮಗೆ ನೆರವಾಗುತ್ತದೆ. ಶಾರದಾವಿಲಾಸ ವಿದ್ಯಾಸಂಸ್ಥೆಗಳಿರುವ ಮೈಸೂರಿನ ಕೃಷ್ಣಮೂರ್ತಿಪುರಂನಂತಹ ಹಳೆಯ ಬಡಾವಣೆಗಳಿಗೆ ಗಮಕ ಮತ್ತು ಹರಿಕಥೆಗಳು ಹೊಸವಲ್ಲ. ರಾಮನವಮಿಯ ದಿನಗಳು ಹೆಚ್ಚುಕಡಿಮೆ ನಮ್ಮ ತಪಸ್ಸುಕಾಲ ಮತ್ತು ಪಾಸ್ಕ ಹಬ್ಬದ ಆಸುಪಾಸಿನಲ್ಲಿಯೇ ಬರುತ್ತವೆ. ಒಂದೇ ಬೀದಿಯಲ್ಲಿ ಒಂದು ಮನೆಯವರು ಶಿಲುಬೆಯ ಹಾದಿಗೆ ಹೊರಟರೆ, ಇನ್ನೊಂದು ಮನೆಯವರು ರಾಮಕಥೆಗೆ ಹೊರಡುತ್ತಾರೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ವ್ಯಾಖ್ಯಾನಕಾರರು ದುರ್ಯೋಧನನಾಗುವುದಿಲ್ಲ, ದುರ್ಯೋಧನನು ಏನೆಂದನು, ಏಕೆಂದನು ಎಂದು ವಿವರಿಸುತ್ತಾರೆ. ಹರಿಕಥೆಯ ದಾಸರು ಕಥೆಯನ್ನು ಹೇಳುತ್ತಲೇ ಕ್ಷಣಕಾಲ ಪಾತ್ರವಾಗಿ ಮಾತನಾಡಿ ಮತ್ತೆ ಕಥೆಗಾರರಾಗಿ ಹಿಂದಿರುಗುತ್ತಾರೆ.

ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಅದು ಯಕ್ಷಗಾನವೇ, ಆದರೆ ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕುಳಿತು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಆ ಪಾತ್ರವೇ ತಾವಾಗಿ 'ನಾನು' ಎಂದು ಮಾತನಾಡುತ್ತಾರೆ. ಮರೆಯಿಂದ ಬಂದ ಬಾಣಕ್ಕೆ ಗುರಿಯಾದ ವಾಲಿಯು ಶ್ರೀರಾಮನನ್ನು ಪ್ರಶ್ನಿಸುವಾಗ, ಅರ್ಥಧಾರಿಯು ವಾಲಿಯ ಪರವಾಗಿ ಹೇಳಬಹುದಾದ ಎಲ್ಲವನ್ನೂ ಹೇಳಬೇಕು. ಇನ್ನೊಂದು ರಾತ್ರಿ ಅದೇ ವ್ಯಕ್ತಿ ಶ್ರೀರಾಮನಾಗಿ ಆ ಪ್ರಶ್ನೆಗಳಿಗೆ ಉತ್ತರಿಸಬೇಕಾಗಬಹುದು. ಈ ಕಲೆಯ ಮಹಾನ್ ಅರ್ಥಧಾರಿಗಳಲ್ಲಿ ಒಬ್ಬರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿ, ರಾವಣರಂತಹ ಪ್ರತಿನಾಯಕರಿಗೆ ಕೊಟ್ಟ ಮಾತುಗಳಿಂದ ಹೆಸರಾದವರು. ಯಕ್ಷಗಾನ ರಂಗದಲ್ಲಿ ಬಪ್ಪನಾಡು ಕ್ಷೇತ್ರದ ಕಥೆಯ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಪಾತ್ರವನ್ನೂ ಅವರು ಜನಮನದಲ್ಲಿ ಉಳಿಸಿದರು. ಅನ್ಯಧರ್ಮದವನೊಬ್ಬನ 'ನಾನು' ತಮ್ಮ ನಾಲಗೆಯ ಮೇಲೆ ಗೌರವದಿಂದ ಕುಳಿತುಕೊಳ್ಳುವಂತೆ ಮಾಡುವುದು ಸಣ್ಣ ಸಾಧನೆಯಲ್ಲ.

ಭಯ ಎಲ್ಲಿದೆ?

ಇದರಲ್ಲಿ ಅಪಾಯವಿಲ್ಲವೇ ಎಂದು ಕೇಳುವವರಿದ್ದಾರೆ. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಪ್ರಕಟವಾಯಿತು. ಕೆಲವರು ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ, ತಲಾ ಒಂದೊಂದು ಪಾತ್ರವನ್ನು ವಹಿಸಿ ಕಥೆಯೊಂದನ್ನು ಕಟ್ಟುವ ಆಟ ಅದು. ಆಡುವವರಲ್ಲಿಯೂ ಎರಡು ಬಗೆ. 'ನನ್ನ ವೀರನು ರಾಜನಲ್ಲಿ ಕ್ಷಮೆ ಕೇಳುತ್ತಾನೆ' ಎಂದು ವರ್ಣಿಸುವವರು ಕೆಲವರು; ವೀರನೇ ಆಗಿ ಕ್ಷಮೆ ಕೇಳುವವರು ಕೆಲವರು. ಮಕ್ಕಳು ಪಾತ್ರದಲ್ಲಿ ಮುಳುಗಿ ತಮ್ಮನ್ನೇ ಮರೆತುಬಿಡುತ್ತಾರೆ, ಕೆಡುಕಿಗೆ ಒಲಿಯುತ್ತಾರೆ ಎಂದು 1980ರ ದಶಕದಲ್ಲಿ ಅಲ್ಲಿನ ಅನೇಕ ಕ್ರೈಸ್ತ ತಂದೆತಾಯಿಗಳು ಭಯಪಟ್ಟರು.

ಮಕ್ಕಳ ಬಗೆಗಿನ ಕಾಳಜಿಯನ್ನು ಹಗುರವಾಗಿ ಕಾಣಬಾರದು. ಆದರೆ ತಾಳಮದ್ದಳೆಯನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅಲ್ಲಿ 'ನಾನು' ಎಂಬ ಮಾತಿಗೆ ಒಂದು ಕಟ್ಟೆಯಿದೆ. ಭಾಗವತರ ಪದ್ಯವೇ ಆ ಕಟ್ಟೆ. ಅರ್ಥಧಾರಿಗೆ ಮಾತಿನಲ್ಲಿ ಸ್ವಾತಂತ್ರ್ಯವಿದೆ. ಕಥೆಯ ಗತಿಯಲ್ಲಿ ಇಲ್ಲ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆಯಲ್ಲಿ ಸಾಯಲೇಬೇಕು. ಮಂಗಳ ಹಾಡಿದ ಮೇಲೆ ಎಲ್ಲರೂ ತಾವು ತಾವಾಗಿ ಮನೆಗೆ ಹೋಗುತ್ತಾರೆ. ಅಂದರೆ 'ನಾನು' ಎನ್ನುವವನ ಪಕ್ಕದಲ್ಲಿ 'ಅವನು' ಎನ್ನುವವನೊಬ್ಬ ಇರಬೇಕು. ಯಾತನೆಯ ವೃತ್ತಾಂತದಲ್ಲಿ ನಿರೂಪಕರು ಇರುವುದೂ ಇದಕ್ಕೇ. ನಾವು ಕೂಗುತ್ತೇವೆ, ಆ ಕೂಗು ಅನ್ಯಾಯದ ಕೂಗೆಂದು ಶುಭಸಂದೇಶದ ನಿರೂಪಣೆ ನಮಗೆ ತಿಳಿಸುತ್ತಲೇ ಇರುತ್ತದೆ.

'ಅವರು' ಎಂಬ ಮಾತಿನ ಅಪಾಯ

ಹಾಗಾದರೆ 'ಅವನು' ಎಂಬ ವರ್ಣನೆಯೊಂದೇ ಸುರಕ್ಷಿತವಲ್ಲವೇ? ಚರಿತ್ರೆ ಇದಕ್ಕೆ ಕಹಿಯಾದ ಉತ್ತರ ಕೊಡುತ್ತದೆ. ಕ್ರಿಸ್ತರನ್ನು ಕೊಂದವರು 'ಅವರು' ಎಂದು ಶತಮಾನಗಳ ಕಾಲ ಕ್ರೈಸ್ತರು ಯೆಹೂದ್ಯರತ್ತ ಬೆರಳು ತೋರಿಸಿದರು. ಯೂರೋಪಿನ ಕೆಲವೆಡೆ ಪವಿತ್ರ ವಾರವೆಂದರೆ ಯೆಹೂದ್ಯ ಕುಟುಂಬಗಳು ಬಾಗಿಲು ಭದ್ರಪಡಿಸಿಕೊಳ್ಳುವ ವಾರವಾಗಿತ್ತು. ಜರ್ಮನಿಯ ಒಬರಾಮರ್‌ಗಾವ್ ಎಂಬ ಹಳ್ಳಿಯವರು 1634ರಿಂದ ಹರಕೆಯಾಗಿ ಪ್ರಭುವಿನ ಯಾತನೆಯ ನಾಟಕವನ್ನು ಆಡುತ್ತಾ ಬಂದಿದ್ದಾರೆ. 1934ರಲ್ಲಿ ಅದನ್ನು ನೋಡಿದ ಹಿಟ್ಲರನು ಮುಂದೆ ಅದನ್ನು ತನ್ನ ದ್ವೇಷಕ್ಕೆ ಅನುಕೂಲವೆಂದು ಹೊಗಳಿದನು. ಹಿಂದಿನ ಶತಮಾನದ ಕೊನೆಯ ದಶಕಗಳಿಂದ ಆ ನಾಟಕವನ್ನು ತಿದ್ದುತ್ತಾ ಬಂದಿದ್ದಾರೆ.

ಅಲ್ಲಿಯೂ ನಟರು 'ನಾವು' ಎಂದೇ ಕೂಗುತ್ತಿದ್ದರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅಲ್ಲಿ ವೇಷವಿತ್ತು. ವೇಷ ತೊಟ್ಟವರು ರಂಗದ ಮೇಲೆ 'ಅವರು'. ಕೆಳಗೆ ಕುಳಿತು ಕಣ್ಣೀರಿಡುವವರು 'ನಾವು'. ದೇವಾಲಯದ ವಾಚನದಲ್ಲಿ ವೇಷವಿಲ್ಲ. ತಾಳಮದ್ದಳೆಯ ಅರ್ಥಧಾರಿಯಂತೆ ನಾವು ನಮ್ಮದೇ ಬಟ್ಟೆಯಲ್ಲಿ, ನಮ್ಮದೇ ಮುಖದಲ್ಲಿ, ನೆರೆಯವರು ಕೇಳುವಂತೆ ಆ ಮಾತನ್ನು ಆಡುತ್ತೇವೆ. ಹಾಗೆ ಆಡಿದವರಿಗೆ ಬೇರೊಬ್ಬರತ್ತ ಬೆರಳು ತೋರಿಸುವುದು ಸುಲಭವಲ್ಲ. 1566ರ ತ್ರೆಂತ್ ಮಹಾಸಭೆಯ ಧರ್ಮೋಪದೇಶ ಗ್ರಂಥವು ಪ್ರಭುವಿನ ಯಾತನೆಗೆ ಪಾಪಿಗಳಾದ ನಾವೇ ಕಾರಣರೆಂದು ಸ್ಪಷ್ಟವಾಗಿ ಬೋಧಿಸಿತ್ತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಆ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಕೂಡದೆಂದು ಸಾರಿತು. ಆ ಬೋಧನೆಯನ್ನು ಭಕ್ತಸಮೂಹ ತನ್ನ ನಾಲಗೆಯಿಂದಲೇ ಕಲಿಯುವ ಪಾಠವೇ ಪವಿತ್ರ ವಾರದ ಆ ಕೂಗು.

ಪವಿತ್ರ ಗ್ರಂಥವೂ ಈ ದಾರಿಯನ್ನೇ ತೋರುತ್ತದೆ. ದಾವೀದ ಅರಸನು ಊರೀಯನ ಹೆಂಡತಿಯನ್ನು ಕಸಿದುಕೊಂಡು ಅವನನ್ನು ಕೊಲ್ಲಿಸಿದ ಮೇಲೆ, ಪ್ರವಾದಿ ನಾತಾನನು ಬಂದು ಶ್ರೀಮಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದುಕೊಂಡ ಕಥೆಯನ್ನು ಹೇಳಿದನು (2 ಸಮುವೇಲ 12). ಕಥೆಯಲ್ಲಿ ತಪ್ಪಿತಸ್ಥನು 'ಅವನು' ಆಗಿದ್ದಷ್ಟು ಹೊತ್ತು ದಾವೀದನ ನ್ಯಾಯಬುದ್ಧಿ ಚುರುಕಾಗಿಯೇ ಇತ್ತು. ಅವನು ಮರಣದಂಡನೆಯನ್ನೇ ವಿಧಿಸಲು ಹೊರಟನು. ಆ ಮನುಷ್ಯ ಅರಸನೇ ಎಂದು ನಾತಾನನು ತೋರಿಸಿದಾಗ ಮಾತ್ರ ದಾವೀದನ ಬಾಯಲ್ಲಿ 'ನಾನು' ಬಂದಿತು, ಪಶ್ಚಾತ್ತಾಪವೂ ಬಂದಿತು. ವರ್ಣನೆ ಅವನಿಗೆ ಸತ್ಯವನ್ನು ಕಾಣಿಸಿತು. ಆ ಸತ್ಯ ಅವನ ಎದೆಗೆ ಮುಟ್ಟಿದ್ದು ಉತ್ತಮ ಪುರುಷದಲ್ಲಿ. ಎರಡರಲ್ಲಿ ಒಂದನ್ನು ಬಿಟ್ಟರೂ ಆ ಕಥೆ ಪೂರ್ಣವಾಗದು.

ನಮ್ಮ ಮನೆಗಳಲ್ಲಿ

ಇದು ಪವಿತ್ರ ವಾರಕ್ಕೆ ಮಾತ್ರ ಸೀಮಿತವಾದ ವಿಚಾರವಲ್ಲ. ಮನೆಯ ಜಗಳಗಳಲ್ಲಿ ನಾವು ಬಹುಪಾಲು 'ಅವಳು', 'ಅವನು' ಎಂಬ ವರ್ಣನೆಯಲ್ಲಿಯೇ ಬದುಕುತ್ತೇವೆ. ಸೊಸೆ ಅತ್ತೆಯನ್ನು ವರ್ಣಿಸುತ್ತಾಳೆ, ಅತ್ತೆ ಸೊಸೆಯನ್ನು. ಅಣ್ಣ ತಮ್ಮಂದಿರು ಆಸ್ತಿಯ ಪಾಲಿನ ಬಗ್ಗೆ ಒಬ್ಬರನ್ನೊಬ್ಬರು ವರ್ಣಿಸುತ್ತಾರೆ. ಮನೆಗೆ ಬಂದ ನೆಂಟರೆದುರು ಮಗನನ್ನು 'ಇವನು ಸೋಮಾರಿ' ಎಂದು ಪರಿಚಯಿಸುತ್ತೇವೆ. ಆಗೊಮ್ಮೆ ಈಗೊಮ್ಮೆ ಅವರ ದನಿಯನ್ನು ಅಣಕಿಸಿ ಮಾತನಾಡುತ್ತೇವೆ; ಆದರೆ ಅಣಕವು 'ನಾನು' ಅಲ್ಲ, ವೇಷ ತೊಟ್ಟ 'ಅವನು' ಅಷ್ಟೇ. ಅದರಲ್ಲಿ ಅವರ ದನಿಯಿದೆ, ಅವರ ನ್ಯಾಯವಿಲ್ಲ.

ಇದಕ್ಕೆ ಅರ್ಥಧಾರಿಯ ಶಿಸ್ತು ಒಳ್ಳೆಯ ಔಷಧ. ಒಬ್ಬರ ಮೇಲೆ ದೂರು ಹೇಳುವ ಮೊದಲು ಏಕಾಂತದಲ್ಲಿ ಕುಳಿತು, ಅವರೇ ನಾವಾಗಿ, ಅವರ ಪಕ್ಷವನ್ನು 'ನಾನು' ಎಂದು ನುಡಿಯೋಣ. ಅವರು ಕೇಳಿಸಿಕೊಂಡರೆ 'ಹೌದು, ನನ್ನ ಮನಸ್ಸಿನಲ್ಲಿದ್ದುದು ಇದೇ' ಎಂದು ಒಪ್ಪುವಷ್ಟು ಪ್ರಾಮಾಣಿಕವಾಗಿ ನುಡಿಯೋಣ. ಬಳಿಕ ನಮ್ಮ ಸ್ಥಾನಕ್ಕೆ ಹಿಂದಿರುಗಿ ಸರಿ ತಪ್ಪುಗಳನ್ನು ತೂಗೋಣ. ತಪ್ಪು ತಪ್ಪಾಗಿಯೇ ಉಳಿಯಬಹುದು. ವಾಲಿಯ ಕಥೆಯ ಕೊನೆ ಬದಲಾಗುವುದಿಲ್ಲ. ಆದರೆ ತೀರ್ಪು ಕೊಡುವ ನಮ್ಮ ದನಿ ಬದಲಾಗುತ್ತದೆ.

ಒಂದು ಎಚ್ಚರಿಕೆಯೂ ಇರಲಿ. ನೊಂದವರ ಪರವಾಗಿ 'ನಾನು' ಎನ್ನುವಾಗ ನಮ್ಮ ಬಾಯಿ ಅವರ ಬಾಯನ್ನು ಮುಚ್ಚಬಾರದು. ಹಸಿದವನು ಎದುರಿಗಿರುವಾಗ ಅವನ ಹಸಿವನ್ನು ನಾವು ಅಭಿನಯಿಸಬೇಕಾಗಿಲ್ಲ; ಅವನನ್ನೇ ಮಾತನಾಡಿಸಬೇಕು, ಊಟ ಬಡಿಸಬೇಕು. ಯಾತನೆಯ ವಾಚನದಲ್ಲಿ ಧರ್ಮಸಭೆ ನಮಗೆ ಬಾಧೆಪಟ್ಟ ಪ್ರಭುವಿನ ಮಾತನ್ನು ವಹಿಸಿಲ್ಲ, ಬಾಧಿಸಿದವರ ಮಾತನ್ನು ವಹಿಸಿದೆ ಎಂಬುದನ್ನು ಮರೆಯದಿರೋಣ. ನಾವಾಗಿಯೇ ಆರಿಸಿಕೊಳ್ಳುವಂತಿದ್ದರೆ ನಮ್ಮಲ್ಲಿ ಎಷ್ಟು ಜನ ಆ ಪಾತ್ರವನ್ನು ಕೇಳಿ ಪಡೆಯುತ್ತಿದ್ದೆವು?

ಆದುದರಿಂದ ಪ್ರಿಯ ಓದುಗರೇ, ಮುಂದಿನ ಗರಿಗಳ ಭಾನುವಾರ ಆ ಮಾತು ಬಂದಾಗ ತುಟಿಯೊಳಗೆ ನುಂಗದೆ ಸ್ಪಷ್ಟವಾಗಿಯೇ ಹೇಳೋಣ. 'ಅಮ್ಮಾ, ಹಾಗೇಕೆ ಕೂಗಿದೆ?' ಎಂದು ಮಗು ಮನೆಗೆ ಬಂದು ಕೇಳಿದರೆ ಗದರದೆ ಉತ್ತರಿಸೋಣ: 'ಅಲ್ಲಿದ್ದವರು ಕೆಟ್ಟವರು, ನಾನು ಒಳ್ಳೆಯವಳು ಎಂದು ನಾನು ತಿಳಿದುಕೊಳ್ಳಬಾರದಲ್ಲ ಮಗು, ಅದಕ್ಕೆ.'