ಕೈಬದಲಾದ ಗಿಳಿ

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಗೃಹಸ್ಥನ ಅಹಿಂಸಾವ್ರತಕ್ಕೆ ಕಳಂಕವನ್ನು ತರುವ ಐದು ಅತಿಚಾರಗಳನ್ನು ಎಣಿಸುವಲ್ಲಿ ಮೊದಲಿಗೆ ಹೆಸರಿಸುವುದು ಬಂಧವನ್ನು. ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳು ಅದರ ಹಿಂದೆ ಬರುತ್ತವೆ. ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅದರ ಅವಯವವನ್ನು ಕತ್ತರಿಸುವುದು, ತಾಳಲಾರದ ಹೊರೆಯನ್ನು ಹೇರುವುದು, ಅನ್ನನೀರುಗಳನ್ನು ತಡೆಯುವುದು, ಇವೆಲ್ಲವೂ ಎತ್ತು ಕುದುರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತುಗಳೆಂದು ಮೇಲುನೋಟಕ್ಕೆ ತೋರಿದರೂ, ಪಂಜರದ ಗಿಳಿಯೆದುರು ನಿಂತು ನೆನೆದುಕೊಂಡಾಗ ಒಂದೊಂದೂ ಅದನ್ನೇ ಕುರಿತು ಹೇಳಿದಂತೆ ಕೇಳಿಸುವುದು. ಗಿಳಿಯನ್ನು ಕಾಡಿನಿಂದ ಹಿಡಿದು ತರುವವನು, ಮಾರುವವನು, ಹಣಕೊಟ್ಟು ಕೊಳ್ಳುವವನು, ಈ ಮೂವರ ವಿಷಯದಲ್ಲಿ ಧರ್ಮದ ನಿರ್ಣಯವೇನಿದ್ದೀತೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ನಾಲ್ಕನೆಯವನೊಬ್ಬನಿದ್ದಾನೆ. ಆತನು ಹಿಡಿದವನಲ್ಲ, ಮಾರಿದವನಲ್ಲ, ಕೊಂಡವನೂ ಅಲ್ಲ. ಮತ್ತೊಬ್ಬರ ಮನೆಯಲ್ಲಿ ಬಹುಕಾಲ ಬಾಳಿ, ಯಾವುದೋ ಕಾರಣದಿಂದ ಆ ಮನೆಯಲ್ಲಿ ಇನ್ನಿರಲಾಗದೆ ಹೊರಬಿದ್ದ ಗಿಳಿಯನ್ನು ಪಂಜರದ ಸಮೇತವಾಗಿ ಕೈನೀಡಿ ತೆಗೆದುಕೊಂಡವನು. ಆತನು ಬಂಧನದ ಪಾಪಕ್ಕೆ ಪಾಲುಗಾರನೋ, ಶರಣುಬಂದುದನ್ನು ಕಾಯುವ ಪುಣ್ಯಕ್ಕೆ ಅಧಿಕಾರಿಯೋ? ಅನ್ಯರು ಮಾಡಿದ ತಪ್ಪಿನ ಫಲವು ಜೀವಂತವಾಗಿ ನಮ್ಮ ಅಂಗಳಕ್ಕೆ ಬಂದು ಕುಳಿತಾಗ ಧರ್ಮವು ನಮ್ಮಿಂದ ಅಪೇಕ್ಷಿಸುವುದೇನು?

ನಮ್ಮ ನಾಡಿನ ಹಸಿರುಗಿಳಿಗಳ ಮಟ್ಟಿಗೆ ಈ ಪ್ರಶ್ನೆಯು ತೊಡಕಿನದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅವುಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ ಅಪರಾಧವಾಗಿರುವುದರಿಂದ, ಗಿಳಿಶಾಸ್ತ್ರದವನ ಪೆಟ್ಟಿಗೆಯಿಂದಲೋ ನೆಂಟರ ಜಗಲಿಯಿಂದಲೋ ಅಂಥದೊಂದು ನಮ್ಮ ಕೈಸೇರಿದರೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಕರ್ತವ್ಯ. ಇಲ್ಲಿ ಶಾಸನವೂ ಧರ್ಮವೂ ಒಂದೇ ದಾರಿಯನ್ನು ತೋರಿಸುತ್ತವೆ. ಕಷ್ಟವಿರುವುದು ಹೊರದೇಶದ ಗಿಳಿಗಳ ವಿಷಯದಲ್ಲಿ: ಆಫ್ರಿಕದ ಬೂದುಗಿಳಿ, ದಕ್ಷಿಣ ಅಮೆರಿಕದ ಮಕಾ, ಆಸ್ಟ್ರೇಲಿಯದ ಕಾಕಟೂ. ಬೂದುಗಿಳಿಯನ್ನು ಅದರ ಕಾಡುಗಳಿಂದ ಎಷ್ಟರಮಟ್ಟಿಗೆ ಸೂರೆಮಾಡಿ ಸಾಗಿಸಿದರೆಂದರೆ, 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸಭೆ ಸೇರಿದ ರಾಷ್ಟ್ರಗಳು ಕಾಡಿನಿಂದ ಹಿಡಿದ ಬೂದುಗಿಳಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಬೇಕಾಗಿ ಬಂದಿತು. ಬೆಂಗಳೂರಿನಂಥ ಪಟ್ಟಣಗಳ ಮನೆಗಳಲ್ಲಿ ಇಂದು ಕಾಣಬರುವವುಗಳಲ್ಲಿ ಅನೇಕವು ಪಂಜರದಲ್ಲಿಯೇ ಮೊಟ್ಟೆಯೊಡೆದು, ಮನುಷ್ಯನ ಕೈಯಿಂದಲೇ ಗುಟುಕು ತಿಂದು ಬೆಳೆದವು. ಇವುಗಳ ಆಯುಸ್ಸು 40, 50 ವರ್ಷಗಳವರೆಗೂ ನಡೆಯುವುದುಂಟು. ಅಷ್ಟು ಕಾಲದಲ್ಲಿ ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಮಕ್ಕಳು ದೂರದೇಶಕ್ಕೆ ಹೋಗುತ್ತಾರೆ, ದೊಡ್ಡ ಮನೆಯಿದ್ದವರು ಚಿಕ್ಕ ಮನೆಗೆ ಬರುತ್ತಾರೆ, ಪಕ್ಕದವರು ಅದರ ಕೂಗನ್ನು ಸಹಿಸದೆ ದೂರು ಹೇಳುತ್ತಾರೆ. ಗಿಳಿಯು ಮಾತ್ರ ಯೌವನದಲ್ಲಿಯೇ ಇರುತ್ತದೆ. ಆದುದರಿಂದ ಇಂಥ ಗಿಳಿಯು ತನ್ನ ಜೀವಮಾನದಲ್ಲಿ ಎರಡು ಮೂರು ಕೈಗಳನ್ನು ಕಾಣುವುದು ಅಸಹಜವೇನಲ್ಲ.

ಪಂಜರದ ಬಾಗಿಲನ್ನು ತೆರೆದುಬಿಡಿ, ಹಾರಿಹೋಗಲಿ ಎನ್ನುವವರಿದ್ದಾರೆ. ಈ ಮಾತಿನ ಹಿಂದಿರುವ ಕರುಣೆಯನ್ನು ನಾನು ಗೌರವಿಸುತ್ತೇನೆ. ದಿಲ್ಲಿಯ ಲಾಲ್ ಮಂದಿರದ ಆವರಣದಲ್ಲಿರುವ ಜೈನರ ಪಕ್ಷಿ ಆಸ್ಪತ್ರೆಯಲ್ಲಿ ಗುಣಹೊಂದಿದ ಹಕ್ಕಿಗಳನ್ನು ಆಕಾಶಕ್ಕೆ ಬಿಟ್ಟುಬಿಡುವ ಪದ್ಧತಿಯಿದೆ. ಅಲ್ಲಿನ ಪಾರಿವಾಳಕ್ಕೆ ಅದು ನಿಜವಾದ ಅಭಯದಾನ. ಆದರೆ ಯಾವ ಮರದ ಹಣ್ಣು ತಿನ್ನತಕ್ಕದ್ದೆಂದು ತಾಯಿತಂದೆಗಳಿಂದ ಕಲಿಯದ, ಹದ್ದಿನ ನೆರಳನ್ನು ಕಂಡು ಕೂಗಿ ಎಚ್ಚರಿಸುವ ಹಿಂಡನ್ನು ಅರಿಯದ, ಸಾವಿರಾರು ಮೈಲಿಗಳಾಚೆಯ ಕಾಡಿಗೆ ಸೇರಿದ ಬೂದುಗಿಳಿಯನ್ನು ಜಯನಗರದ ಮಹಡಿಯಿಂದ ಹಾರಿಬಿಡುವುದೆಂದರೆ, ಅದನ್ನು ಹಸಿವಿಗೂ ಕಾಗೆಗಳ ಕೊಕ್ಕಿಗೂ ಒಪ್ಪಿಸಿ, ಬಿಟ್ಟವನು ಮಾತ್ರ ತನ್ನ ಮನಸ್ಸಿನ ಭಾರವನ್ನು ಕಳೆದುಕೊಂಡಂತಾಗುವುದು. ಬಿಡುಗಡೆಯು ಬಿಟ್ಟವನಿಗಾಗಿಯೋ ಬಿಡಲ್ಪಟ್ಟುದಕ್ಕಾಗಿಯೋ ಎಂಬುದನ್ನು ಇಲ್ಲಿ ಕೇಳಿಕೊಳ್ಳಲೇಬೇಕು.

ಹಾಗಾದರೆ ಪಂಜರವು ಉಳಿಯಿತು. ಅದರೊಳಗಿನ ಜೀವಕ್ಕೂ ನಮಗೂ ಇರುವ ಸಂಬಂಧವಾದರೂ ಬದಲಾಗಬೇಡವೆ? ಮನುಸ್ಮೃತಿಯು ಎಣಿಸುವ 18 ವ್ಯವಹಾರಪದಗಳಲ್ಲಿ ಎರಡನೆಯದು ನಿಕ್ಷೇಪ, ಅಂದರೆ ನಂಬಿ ಇರಿಸಿಹೋದ ಇಡುಗಂಟು. ನಿಕ್ಷೇಪವನ್ನು ಹಿಂದಿರುಗಿಸದವನು ಕಳ್ಳನಂತೆಯೇ ದಂಡನೆಗೆ ಅರ್ಹನೆಂಬುದು ಅಲ್ಲಿಯ ನಿಲುವು. ಕೈಬದಲಾಗಿ ಬಂದ ಗಿಳಿಯನ್ನು ನಾನು ಈ ಬಗೆಯ ನಿಕ್ಷೇಪವೆಂದು ಭಾವಿಸುತ್ತೇನೆ. ಇರಿಸಿದವರು ಯಾರೆಂದು ಕೇಳಿದರೆ, ಹಿಂದಿನ ಯಜಮಾನನೆಂದು ಹೇಳಲಾರೆ. ಆತನಿಗೇ ಇಲ್ಲದ ಹಕ್ಕನ್ನು ಆತನು ಯಾರ ಕೈಯಲ್ಲಿಯೂ ಇಡಲಾರನು. ಇಡುಗಂಟಿನ ಒಡೆಯನು ಆ ಗಿಳಿಯೇ. ಅದರ ಬದುಕಿನಿಂದ ಕಿತ್ತುಕೊಂಡದ್ದು ಏನೇನಿದೆಯೋ, ಹಾರಾಟ, ಆಹಾರವನ್ನು ತಾನೇ ಹುಡುಕುವ ಉದ್ಯೋಗ, ಜೊತೆ, ಕತ್ತಲೆಯ ದೀರ್ಘನಿದ್ರೆ, ಅದರಲ್ಲಿ ಎಷ್ಟನ್ನು ಮರಳಿ ಕೊಡಬಹುದೋ ಅಷ್ಟನ್ನು ದಿನದಿನವೂ ಕಂತುಕಂತಾಗಿ ಅದಕ್ಕೇ ಸಲ್ಲಿಸುತ್ತಿರುವುದು ಸಾಕುವವನ ಕರ್ತವ್ಯ. ವಿದೇಶೀ ಪ್ರಾಣಿಗಳು ಯಾರ ಬಳಿಯಿವೆ, ಯಾವಾಗ ಕೈಬದಲಾದವು ಎಂಬುದನ್ನು ಸರಕಾರದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮಗಳು ವಿಧಿಸಿರುವುದನ್ನೂ ನಾನು ಇದೇ ದೃಷ್ಟಿಯಿಂದ ಸ್ವಾಗತಿಸುತ್ತೇನೆ, ಇಡುಗಂಟಿಗೆ ಲೆಕ್ಕವಿರಬೇಕು.

ಈ ಲೆಕ್ಕವು ಮೊದಲ ದಿನದಿಂದಲೇ ಆರಂಭವಾಗುವುದು. ಹೊಸ ಮನೆಗೆ ಬಂದ ಗಿಳಿಗೆ ಎಲ್ಲವೂ ಅಪರಿಚಿತವಾದುದರಿಂದ, ಹಳೆಯ ಪಂಜರ, ಹಳೆಯ ಬಟ್ಟಲು, ಕುಳಿತು ಸವೆದ ಹಳೆಯ ಕೊಂಬೆ, ಇವುಗಳನ್ನು ಕೆಲಕಾಲ ಹಾಗೆಯೇ ಉಳಿಸಬೇಕು. ಪಂಜರದ ಒಂದು ಮಗ್ಗುಲು ಗೋಡೆಗೆ ತಾಗಿರಬೇಕು, ಏಕೆಂದರೆ ನಾಲ್ಕು ದಿಕ್ಕಿಗೂ ತೆರೆದ ಕಡೆಯಲ್ಲಿ ಬೇಟೆಗೆ ಗುರಿಯಾಗುವ ಜಾತಿಯ ಪ್ರಾಣಿಗೆ ನೆಮ್ಮದಿಯಿರದು. ಕೈಹಾಕಿ ಹಿಡಿಯತಕ್ಕದ್ದಲ್ಲ. ತಾನಾಗಿ ಕೈಯ ಮೇಲೆ ಕಾಲಿಡುವವರೆಗೆ, ಅದು ತಿಂಗಳುಗಳ ಮಾತಾದರೂ, ಸ್ವಲ್ಪ ದೂರದಲ್ಲಿ ಕುಳಿತು ಪುಸ್ತಕವನ್ನೋದಿಕೊಂಡಿರುವುದೇ ಉತ್ತಮವಾದ ಪರಿಚಯ. ಬರಿಯ ಸೂರ್ಯಕಾಂತಿ ಬೀಜದ ಮೇಲೆ ಬೆಳೆದ ಗಿಳಿಗಳಿಗೆ ಎ ಜೀವಸತ್ತ್ವದ ಕೊರತೆಯೂ ಪಿತ್ತಜನಕಾಂಗದಲ್ಲಿ ಕೊಬ್ಬೂ ತಲೆದೋರುವುದು ಸಾಮಾನ್ಯ. ಹಾಗೆಂದು ಬೀಜವನ್ನು ಒಮ್ಮೆಗೇ ನಿಲ್ಲಿಸಿದರೆ, ಹೊಸದನ್ನು ಆಹಾರವೆಂದೇ ಗುರುತಿಸದೆ ಹಸಿದು ಸಾಯುವ ಅಪಾಯವೂ ಉಂಟಾದುದರಿಂದ, ಕ್ಯಾರೆಟ್ಟು, ಸೊಪ್ಪು, ಪಪಾಯಿ, ಮೊಳಕೆಕಾಳುಗಳನ್ನು ಮೆಲ್ಲಮೆಲ್ಲನೆ ಬೆರಸುತ್ತ ಬರಬೇಕು. ಬೆಣ್ಣೆಹಣ್ಣೂ ಚಾಕೊಲೇಟೂ ಅದಕ್ಕೆ ವಿಷ. ನಾನ್‌ಸ್ಟಿಕ್ ತವಾ ಮಿತಿಮೀರಿ ಕಾದಾಗ ಹೊರಡುವ ಹೊಗೆಯು, ನಮ್ಮ ಮೂಗಿಗೆ ತಿಳಿಯುವ ಮೊದಲೇ, ಪಕ್ಕದ ಕೋಣೆಯಲ್ಲಿರುವ ಹಕ್ಕಿಯನ್ನು ಕೊಲ್ಲಬಲ್ಲುದು. ಹಕ್ಕಿಯ ಶ್ವಾಸಕೋಶಗಳು ಗಾಳಿಯನ್ನು ನಮ್ಮದಕ್ಕಿಂತ ಹೆಚ್ಚು ಪೂರ್ಣವಾಗಿ ಹೀರಿಕೊಳ್ಳುವಂತೆ ರಚಿತವಾಗಿವೆ. ರಾತ್ರಿಯಲ್ಲಿ 10ರಿಂದ 12 ಗಂಟೆಗಳ ಕತ್ತಲೆಯೂ ನಿಶ್ಶಬ್ದವೂ ಬೇಕು. ಅಡುಗೆಮನೆಯ ಈ ಸಣ್ಣ ಎಚ್ಚರಗಳನ್ನು ನಾನು ಅಧ್ಯಾತ್ಮಕ್ಕೆ ಹೊರತಾದವೆಂದು ಎಣಿಸುವುದಿಲ್ಲ. ರೆಕ್ಕೆಯ ಗರಿಗಳನ್ನು ಕತ್ತರಿಸಬಾರದೆಂಬುದು ಛೇದದ ನಿಷೇಧವೇ. ಹೇಳಿದಂತೆ ಕೇಳಲೆಂದು ಹಸಿವಿನಿಂದ ಬಗ್ಗಿಸಬಾರದೆಂಬುದು ಅನ್ನಪಾನನಿರೋಧದ ನಿಷೇಧವೇ.

ಅತಿಭಾರದ ಅರ್ಥವು ಇಲ್ಲಿ ಹೆಚ್ಚು ಸೂಕ್ಷ್ಮವಾದುದು. ಗಿಳಿಯ ಬೆನ್ನಿನ ಮೇಲೆ ಯಾರೂ ಮೂಟೆಯನ್ನು ಹೇರುವುದಿಲ್ಲ. ಆದರೆ ಬಂದ ಅತಿಥಿಗಳೆದುರು ಮಾತಾಡಿ ತೋರಿಸಬೇಕೆಂಬುದು ಒಂದು ಭಾರ. ಒಂಟಿಯಾದ ಮನುಷ್ಯನ ದುಃಖವನ್ನೆಲ್ಲ ತಾನೊಂದೇ ಪರಿಹರಿಸಬೇಕೆಂಬುದು ಅದಕ್ಕಿಂತಲೂ ದೊಡ್ಡ ಭಾರ. ಅರ್ಥವಿಲ್ಲದ ಕಂಠಪಾಠಕ್ಕೆ ಗಿಳಿಯನ್ನು ದೃಷ್ಟಾಂತವಾಗಿ ಹೇಳುತ್ತ ಬಂದಿದ್ದೇವೆ. ಆದರೆ 1977ರಲ್ಲಿ ಐರೀನ್ ಪೆಪರ್‌ಬರ್ಗ್ ಎಂಬ ವಿದುಷಿಯು ಷಿಕಾಗೋದ ಅಂಗಡಿಯೊಂದರಿಂದ ಕೊಂಡುತಂದ ಅಲೆಕ್ಸ್ ಎಂಬ ಬೂದುಗಿಳಿಯು, 2007ರಲ್ಲಿ ಸಾಯುವವರೆಗೆ, ಆಕೆಯ ಸನ್ನಿಧಿಯಲ್ಲಿ ವಸ್ತುಗಳ ಬಣ್ಣ ಆಕಾರಗಳನ್ನು ಹೆಸರಿಸಿ, 6ರ ವರೆಗಿನ ಸಂಖ್ಯೆಗಳನ್ನು ತಿಳಿದು, ಎರಡು ವಸ್ತುಗಳಲ್ಲಿ ಯಾವ ಗುಣವು ಸಮಾನ, ಯಾವುದು ಭಿನ್ನ ಎಂಬುದಕ್ಕೂ ಉತ್ತರ ಕೊಟ್ಟಿತು. ಇಷ್ಟು ಮನಸ್ಸುಳ್ಳ ಜೀವವು ತನ್ನನ್ನು ಬಿಟ್ಟುಹೋದವರನ್ನು ನೆನೆಯುವುದಿಲ್ಲವೆಂದು ಹೇಗೆ ನಂಬೋಣ?

ನಮ್ಮ ಮನೆಯಲ್ಲಿರುವ ಬೂದುಗಿಳಿಯು ಒಬ್ಬ ವೃದ್ಧೆಯ ಬಳಿ ಬೆಳೆದುದು. ಆಕೆ ತೀರಿಕೊಂಡ ಮೇಲೂ ಬೆಳಗಿನ ಹೊತ್ತು ಅದು ಆಕೆಯ ಕಂಠದಲ್ಲಿಯೇ, "ಪುಟ್ಟೀ, ಹಾಲು ಉಕ್ಕುತ್ತೆ ನೋಡೇ" ಎಂದು ಕೂಗುತ್ತಿದ್ದಿತು. ಕೂಗಿದ ಮೇಲೆ ಆಕೆಯಂತೆಯೇ ಕೆಮ್ಮುತ್ತಿದ್ದಿತು. ಮಗಳಿಗೆ ಅದನ್ನು ಕೇಳಿ ಸಹಿಸುವುದು ಸಾಧ್ಯವಾಗಲಿಲ್ಲ. ಗಿಳಿಯನ್ನು ಬಿಟ್ಟುಕೊಡುವವರೆಲ್ಲರೂ ನಿರ್ದಯರೆಂದು ತಿಳಿಯುವುದು ಅನ್ಯಾಯವೆಂಬುದನ್ನು ಆ ಮಗಳ ಮುಖವನ್ನು ಕಂಡು ನಾನು ಅರಿತೆನು. ನಮ್ಮಲ್ಲಿಗೆ ಬಂದ ಗಿಳಿಯು ಮೊದಮೊದಲು ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡಿತು. ರೋಗವಿಲ್ಲವೆಂದು ಪಶುವೈದ್ಯರು ಪರೀಕ್ಷಿಸಿ ಹೇಳಿದ ಬಳಿಕ ಉಳಿದ ಕಾರಣವು ಒಂದೇ ಎಂದು ನಮಗೆ ತೋರಿತು. ಮಹಾಭಾರತದ ಅನುಶಾಸನಪರ್ವದಲ್ಲಿ, ಬೇಡನ ವಿಷಬಾಣವು ತಾಗಿ ಒಣಗಿದ ಮಹಾವೃಕ್ಷವನ್ನು ಬಿಡದೆ ಅದರ ಪೊಟರೆಯಲ್ಲಿಯೇ ಕೃಶವಾಗುತ್ತಿದ್ದ ಗಿಳಿಯೊಂದರ ಆಖ್ಯಾನವಿದೆ. ಫಲಭರಿತವಾದ ಬೇರೆ ಮರಗಳಿರುವಾಗ ಈ ಒಣಮರವೇಕೆ ಎಂದು ಇಂದ್ರನು ಬ್ರಾಹ್ಮಣವೇಷದಿಂದ ಬಂದು ಕೇಳಿದಾಗ, ತನ್ನನ್ನು ಹುಟ್ಟಿನಿಂದ ಸಲಹಿದ ಆಶ್ರಯವನ್ನು ಆಪತ್ಕಾಲದಲ್ಲಿ ತೊರೆಯಲಾರೆನೆಂದು ಅದು ಉತ್ತರಿಸುತ್ತದೆ. ವರವನ್ನು ಬೇಡೆಂದಾಗ ಮರವು ಚಿಗುರಲೆಂದು ಬೇಡುತ್ತದೆ. ಹಳೆಯ ಯಜಮಾನತಿಯ ಧ್ವನಿಯನ್ನು ಬಿಡದ ಗಿಳಿಯನ್ನು ನೋಡಿದಂದಿನಿಂದ ಈ ಕಥೆಯನ್ನು ಬರಿಯ ರೂಪಕವೆಂದು ಓದಲು ನನ್ನಿಂದಾಗದು. ಆ ನಿಷ್ಠೆಯನ್ನು ಅದರಿಂದ ಬಿಡಿಸಿ ನಮ್ಮ ಕಡೆಗೆ ತಿರುಗಿಸಿಕೊಳ್ಳುವ ಆತುರವು ಎರಡನೆಯ ಅಪಹರಣವಾದೀತು. ಆಕೆಯ ಮಾತನ್ನು ಮರೆಯಿಸಲು ನಾವು ಯತ್ನಿಸಲಿಲ್ಲ. "ನೋಡ್ತೀನಿ ಅಮ್ಮ" ಎಂದು ಒಳಗಿನಿಂದ ಯಾರಾದರೂ ಉತ್ತರ ಕೊಡುತ್ತೇವೆ.

ಇಲ್ಲಿ ವೈರಾಗ್ಯದ ಪಕ್ಷದಿಂದ ಒಂದು ಆಕ್ಷೇಪವು ಬಾರದೆ ಇರದು. ಭಾಗವತದ ಐದನೆಯ ಸ್ಕಂಧದಲ್ಲಿ ರಾಜ್ಯವನ್ನೇ ತೃಣವಾಗಿ ತ್ಯಜಿಸಿದ ಭರತನು, ಸಿಂಹಗರ್ಜನೆಗೆ ಬೆದರಿ ಸತ್ತ ಜಿಂಕೆಯ ಮರಿಯನ್ನು ಗಂಡಕೀನದಿಯ ಪ್ರವಾಹದಿಂದ ಎತ್ತಿ ಕಾಪಾಡಿ, ಅದರ ಮೇಲಣ ಮೋಹದಿಂದ ಜಪತಪಗಳನ್ನು ಮರೆತು, ಅಂತ್ಯಕಾಲದಲ್ಲಿಯೂ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದನು. ಅದೇ ಗ್ರಂಥದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ 24 ಗುರುಗಳ ನಡುವೆ, ಹೆಂಡತಿ ಮಕ್ಕಳ ಮೇಲಿನ ಮಮತೆಯಿಂದ ತಾನೂ ಬಲೆಗೆ ಬಿದ್ದ ಪಾರಿವಾಳವನ್ನು ಎಣಿಸುತ್ತಾನೆ. ಆ ಅವಧೂತನನ್ನು ದತ್ತಾತ್ರೇಯನೆಂದೇ ಸಂಪ್ರದಾಯವು ಭಾವಿಸುವುದು. ಮೈಸೂರಿನಲ್ಲಿ ಅದೇ ದತ್ತನ ಹೆಸರಿನ ಅವಧೂತ ದತ್ತಪೀಠವು, ನೊಂದ ಮತ್ತು ಒಡೆಯರು ಬಿಟ್ಟುಕೊಟ್ಟ ಗಿಳಿಗಳಿಗೂ ಆಶ್ರಯವಾಗಿರುವ ಶುಕವನವನ್ನು ನಡೆಸುತ್ತಿದೆ; 2017ರಲ್ಲಿ 468 ಜಾತಿಯ ಪಕ್ಷಿಗಳು ಅಲ್ಲಿದ್ದುವೆಂದು ಗಿನ್ನೆಸ್ ದಾಖಲೆಯಾಯಿತು. ಮಮತೆಯ ಅಪಾಯವನ್ನು ಬೋಧಿಸಿದ ಗುರುವಿನ ಹೆಸರಿನಲ್ಲಿಯೇ ಹಕ್ಕಿಗಳ ಪಾಲನೆಯು ನಡೆಯುತ್ತಿರುವುದರಲ್ಲಿ ನನಗೆ ಯಾವ ವಿರೋಧವೂ ತೋರದು.

ಏಕೆಂದರೆ ಭರತನ ತಪ್ಪು ಮರಿಯನ್ನು ನೀರಿನಿಂದ ಎತ್ತಿದುದರಲ್ಲಿ ಇರಲಿಲ್ಲ. ಆ ಮರಿಗೆ ಭರತನಿಗಿಂತ ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಯಾರೂ ಬೇಡವೆಂದು ಅವನಿಗೆ ತೋರಿತು. ಅದರ ಜೀವನವೆಲ್ಲ ತನ್ನದೇ ಎಂಬ ಭಾವನೆಯು ಬೇರೂರುವುದಕ್ಕೆ ಅಲ್ಲಿ ತಡೆಯಾವುದೂ ಇರಲಿಲ್ಲ. ಕೈಬದಲಾದ ಗಿಳಿಯಾದರೋ ಪ್ರತಿದಿನವೂ ಇನ್ನೊಬ್ಬರ ಧ್ವನಿಯಲ್ಲಿ ಮಾತಾಡಿ, ತಾನು ನಿನ್ನದಲ್ಲವೆಂಬುದನ್ನು ಸಾಕುವವನ ಕಿವಿಯಲ್ಲಿಯೇ ಸಾರುವುದು. ನಾವು ಬಡಿಸಿದುದನ್ನು ತಿನ್ನುತ್ತ ಅದು ಬೇರೊಬ್ಬಳನ್ನು ಕರೆಯುವಾಗ, ಪ್ರತಿಫಲದ ಆಸೆಯನ್ನೂ ಅಸೂಯೆಯನ್ನೂ ಬಿಟ್ಟು ಬಟ್ಟಲನ್ನು ತೊಳೆದಿಡುವುದು ಸುಲಭವಾದ ಸಾಧನೆಯಲ್ಲ. ನನ್ನಂಥ ಗೃಹಸ್ಥನಿಗೆ ನಿಲುಕುವ ಅನಾಸಕ್ತಿಯ ಅಭ್ಯಾಸವಾಗಿ ಇದಕ್ಕಿಂತ ಬೇರೊಂದನ್ನು ನಾನು ಕಂಡಿಲ್ಲ.

ಬಾಣನ ಕಾದಂಬರಿಯಲ್ಲಿ, ನಾಗವರ್ಮನು ಅದನ್ನು ಕನ್ನಡಕ್ಕೆ ತಂದ ಕಾವ್ಯದಲ್ಲಿಯೂ, ಕಥೆ ಹೇಳುವ ವೈಶಂಪಾಯನನು ಕೈಯಿಂದ ಕೈಗೆ ಬಂದ ಗಿಳಿಯೇ ಆಗಿದ್ದಾನೆ. ಬೇಡನಿಂದ ತಂದೆಯನ್ನು ಕಳೆದುಕೊಂಡು ನೆಲಕ್ಕೆ ಬಿದ್ದು, ಋಷಿಕುಮಾರನಾದ ಹಾರೀತನ ದಯೆಯಿಂದ ಜಾಬಾಲಿಯ ಆಶ್ರಮವನ್ನು ಸೇರಿ, ಅಲ್ಲಿಂದ ಹಾರಿ ಮತ್ತೆ ಸೆರೆಸಿಕ್ಕಿ, ಕಡೆಗೆ ಮಾತಂಗಕನ್ಯೆಯ ಪಂಜರದಲ್ಲಿ ಶೂದ್ರಕನ ಸಭೆಗೆ ಬಂದವನು. ಆ ಅರಸನ ನಡತೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದೆಂದರೆ, ಗಿಳಿಯು ಉಂಡು ದಣಿವಾರಿಸಿಕೊಂಡ ಮೇಲೆ ಆತನು ಅದರ ಜನ್ಮವೃತ್ತಾಂತವನ್ನು, ತಾಯಿತಂದೆಗಳನ್ನು, ಪಂಜರಕ್ಕೆ ಬಂದ ಬಗೆಯನ್ನು ಕೇಳುವುದು. ಹೊಸಬನಾಗಿ ಗಿಳಿಯನ್ನು ಸ್ವೀಕರಿಸುವವನೂ ಹಿಂದಿನ ಮನೆಯವರಿಂದ ಇಷ್ಟನ್ನು ಕೇಳಿ ತಿಳಿಯಬೇಕು: ಏನು ತಿನ್ನುತ್ತಿದ್ದಿತು, ಯಾರನ್ನು ಕಂಡರೆ ಬೆದರುತ್ತಿದ್ದಿತು, ಯಾವ ಕಾಯಿಲೆ ಬಂದಿದ್ದಿತು, ಯಾವ ಮಾತು ಯಾವ ಸಂದರ್ಭದಲ್ಲಿ ಕಲಿತುದು. ನಮ್ಮ ಗಿಳಿಯು ಛತ್ರಿಯನ್ನು ಕಂಡರೆ ಚೀರುವುದೇಕೆಂಬುದನ್ನು ಆ ವೃದ್ಧೆಯ ಮಗಳೇ ತಿಳಿಸಿದಳು.

ನನಗೆ ವಯಸ್ಸಾಗಿದೆ, ಗಿಳಿಗೆ ಆಗಿಲ್ಲ. ಆದುದರಿಂದ ಇವನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ಅದರ ತೂಕ, ವೈದ್ಯರ ಚೀಟಿಗಳು, ಅದು ಒಪ್ಪುವ ಮತ್ತು ಒಲ್ಲದ ತಿನಿಸುಗಳು, ಹಾಲು ಉಕ್ಕುವ ಮಾತಿಗೆ ಕೊಡಬೇಕಾದ ಉತ್ತರ, ಇವುಗಳನ್ನು ಸೇರಿಸುತ್ತ ಬಂದಿದ್ದೇನೆ. ನನ್ನ ತರುವಾಯ ಅದನ್ನು ನೋಡಿಕೊಳ್ಳಲು ತಂಗಿಯ ಮಗಳು ಒಪ್ಪಿದ್ದಾಳೆ. ಭಾನುವಾರಗಳಲ್ಲಿ ಬಂದು, ಪಂಜರದಿಂದ ಸ್ವಲ್ಪ ದೂರದಲ್ಲಿ ಕುಳಿತು, ತನ್ನ ಕಾಲೇಜಿನ ಪಾಠಗಳನ್ನು ಓದಿಕೊಳ್ಳುತ್ತಾಳೆ. ಅವಳ ಕೈಯಿಂದ ಗಿಳಿಯು ಇನ್ನೂ ಏನನ್ನೂ ತೆಗೆದುಕೊಂಡಿಲ್ಲ. ಅವಳಿಗೆ ಆತುರವೂ ಇಲ್ಲ.